ಗಾಜಿನ ಪೆಟ್ಟಿಗೆಯ ಅಂಜಲ್ ಅವರಿಗೆ ಒಂದು ಬಹಿರಂಗ ಪತ್ರ

ವಿಷಯ: ಘಾಟಿ ಹತ್ತಿದ ಬಾಬ್ತು ಗಿರಾಕಿಗಳಿಂದ ವಸೂಲಾಗುತ್ತಿರುವ ಹಣ.

ಮಡಿಕೇರಿಯಿಂದ ಅರಬ್ಬಿ ಸಮುದ್ರಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 70 ಕಿ.ಮೀ. ತಲಕಾವೇರಿಯಿಂದ ಎಳೆದರೆ 50 ಕೂಡ ಮುಟ್ಟದು. ಆದರೂ ಕೊಡಗು ಕಡಲಿನಿಂದ ಬಲು ದೂರ ಎಂಬ ನಂಬಿಕೆ ಗಟ್ಟಿಯಾಗಿ ನಿಂತಿದೆ. ಅದಕ್ಕೆ ಎತ್ತರ ಒಂದು ಕಾರಣ. ಮಡಿಕೇರಿ ಇರುವುದು ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಮೇಲೆ. ಜಿಲ್ಲೆಯಲ್ಲಿ ರೈಲು ಹಳಿ ಇಲ್ಲದಿರುವುದು ಇನ್ನೊಂದು. ಇವೆರಡನ್ನೂ ಮೀರಿದ್ದು ಕಾವೇರಿಯ ನಡತೆ. ಪಡುಗಡಲು ಅಷ್ಟು ಹತ್ತಿರ ಇದ್ದರೂ ಅದಕ್ಕೆ ಬೆನ್ನು ಹಾಕಿ, ಸುಮಾರು 800 ಕಿ.ಮೀ. ಹರಿದು ಮೂಡಣ ಕಡಲನ್ನೇ ಸೇರುವ ನದಿಯ ತವರಿನಲ್ಲಿ, ‘ಸಮುದ್ರ ಬಹಳ ದೂರ’ ಎಂದು ಮೀನಿನಂಗಡಿ ಹೇಳಿದರೆ ಗಿರಾಕಿ ತಲೆಯಾಡಿಸದೆ ಇರಲಾರ.

ಹೊಸ ಮಾದರಿಯ ಸೀಫುಡ್ ಮಳಿಗೆ ನಡೆಯುವುದು ಈ ತಲೆಯಾಟದ ಮೇಲೆ. ಮೀನಿನ ವಾಸನೆ ಇಲ್ಲದಿರುವುದು ಅದರ ಮೊದಲ ಲಕ್ಷಣ. ಬಿಳಿ ಟೈಲ್ಸು, ನೀಲಿ ದೀಪ, ಗೋಡೆಯಲ್ಲಿ ಲಂಗರಿನ ಚಿತ್ರ, ಬಾಗಿಲಲ್ಲಿ ಕಾಲೊರಸು. ಪುಡಿ ಮಾಡಿದ ಐಸಿನ ಹಾಸಿಗೆ, ತಲೆದೆಸೆಯಲ್ಲಿ ನಿಂಬೆಹೋಳು, ಕಾಲ್ದೆಸೆಯಲ್ಲಿ (ಕಾಲಿಲ್ಲದವರಿಗೂ ಕಾಲ್ದೆಸೆ ಉಂಟು) ಕೊತ್ತಂಬರಿ. ಅಂಜಲ್ ಅವರು ಮಲಗಿರುವ ಭಂಗಿ ಅನಂತಶಯನದ್ದು. ಚೀಟಿಯಲ್ಲಿರುವ ಹೆಸರು ‘ಕಿಂಗ್‌ಫಿಶ್’. ಬರೀ ಅಂಜಲ್ ಎಂದು ಬರೆದರೆ ಅಷ್ಟು ರೊಕ್ಕ ಕೇಳಲು ನಾಲಗೆ ಏಳುವುದಿಲ್ಲ. ಪಕ್ಕದ ಬೊಂಡಾಸ್ ‘ಕ್ಯಾಲಮಾರಿ’ಯಾಗಿದೆ, ಬೂತಾಯಿ ‘ಸಾರ್ಡಿನ್’ ಆಗಿದೆ. ವಿಜ್ಞಾನದಲ್ಲಿ ಅಂಜಲ್ ಅವರ ಹೆಸರು ಸ್ಕಾಂಬರೊಮೊರಸ್ ಕಾಮರ್ಸನ್. ಅದು 18ನೇ ಶತಮಾನದ ಫ್ರೆಂಚ್ ನಿಸರ್ಗತಜ್ಞ ಫಿಲಿಬೆರ್ ಕಾಮರ್ಸನ್ ನೆನಪಿಗೆ ಇಟ್ಟ ಹೆಸರು. ಕಾಮರ್ಸಿಗೂ ಅದಕ್ಕೂ ಸಂಬಂಧವಿಲ್ಲ ಎಂದರೆ ಬಿಲ್ಲು ನೋಡಿದವರು ನಂಬುವುದಿಲ್ಲ.

ಬಿಲ್ಲಿಗೆ ಕೌಂಟರಿನಲ್ಲಿ ಸಿಗುವ ವಿವರಣೆ ಒಂದೇ: ‘ಘಾಟಿ ಹತ್ತಿ ಬರ್ಬೇಕಲ್ಲ ಸಾರ್.’ ಮಂಗಳೂರಿನ ಧಕ್ಕೆಯಿಂದ ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಸುಮಾರು 140 ಕಿ.ಮೀ.; ಗಾಡಿಗೆ ನಾಲ್ಕೈದು ಗಂಟೆ. ದಕ್ಷಿಣ ಕೊಡಗಿಗೆ ಕೇರಳವೇ ಹತ್ತಿರ. ಕಣ್ಣೂರಿನ ಮೀನು ಇರಿಟ್ಟಿ, ಮಾಕುಟ್ಟ ಹಾದು 100 ಕಿ.ಮೀ. ತುಂಬುವುದರೊಳಗೆ ವಿರಾಜಪೇಟೆಯಲ್ಲಿರುತ್ತದೆ. ಇನ್ನು ಕಡಲಿನ ಮೇಲಿನ ಲೆಕ್ಕ. ಆಳಸಮುದ್ರಕ್ಕೆ ಹೋದ ಬೋಟು ದಡಕ್ಕೆ ಮರಳುವುದು ವಾರಕ್ಕೋ ಹತ್ತು ದಿನಕ್ಕೋ. ಮೊದಲ ದಿನ ಬಲೆಗೆ ಬಿದ್ದ ಮೀನು ಅಷ್ಟೂ ದಿನ ಬೋಟಿನ ಹೊಟ್ಟೆಯಲ್ಲಿ ಐಸಿನೊಳಗೇ ಇರಬೇಕು. ಅಂಜಲ್ ಅವರ ಮರಣೋತ್ತರ ಪ್ರಯಾಣದಲ್ಲಿ ಘಾಟಿಯದು ಅತಿ ಚಿಕ್ಕ ಪಾಲು. ಆ ವಾರದ ಖರ್ಚನ್ನು ಮಂಗಳೂರಿನ ಗಿರಾಕಿಯೂ ಕೊಡುತ್ತಾನೆ. ಅದರಾಚೆ ಏರಿದ್ದಷ್ಟನ್ನೂ ಮಡಿಕೇರಿಯಲ್ಲಿ ನಾಲ್ಕೈದು ಗಂಟೆಯ ತಲೆಗೆ ಕಟ್ಟಲಾಗುತ್ತದೆ. ಚಳಿ ಹುಡುಕಿಕೊಂಡು ಶನಿವಾರ ಘಾಟಿ ಹತ್ತುವ ಕರಾವಳಿಯ ಸಂಸಾರ ಹೋಂಸ್ಟೇಯಲ್ಲಿ ತನ್ನೂರ ಮೀನನ್ನೇ ತರಿಸಿ, ಜೊತೆಗೇ ಪ್ರಯಾಣ ಮಾಡಿ ಬಂದದ್ದಕ್ಕೆ ಇಬ್ಬರ ಟಿಕೆಟನ್ನೂ ತಾನೇ ಕೊಡುತ್ತದೆ.

ದೂರ ನಿಜವಾಗುವ ಕಾಲವೂ ಉಂಟು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕೇರಳದಲ್ಲಿ ಟ್ರಾಲಿಂಗಿಗೆ 52 ದಿನದ ತಡೆ. ತಮಿಳುನಾಡಿನ ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ಕ್ಕೆ ತೊಡಗಿ ಜೂನ್ 14ಕ್ಕೇ ಮುಗಿಯುವುದರಿಂದ, ಕಕ್ಕಡ ಮಾಸದ ಮಳೆಯಲ್ಲಿ ಪಡುವಣ ಪೇಟೆಗಳಿಗೆ ಮೀನು ಅಲ್ಲಿಂದಲೂ ಬರುತ್ತದೆ. ಕಾವೇರಿ ಕಡಲು ಸೇರುವ ಪೂಂಪುಹಾರ್ ಇರುವುದು ಆ ಕರಾವಳಿಯಲ್ಲೇ. ನದಿ ಇಳಿದುಹೋದ ನಾಡನ್ನೆಲ್ಲ ಮೀನು ಲಾರಿಯಲ್ಲಿ ಕೂತು ಹತ್ತಿ ಬರುವ ಆ ದಿನಗಳಲ್ಲಿ ‘ಬಹಳ ದೂರದಿಂದ ಬಂದದ್ದು’ ಎಂಬುದು ಅಪ್ಪಟ ಸತ್ಯ. ಅಂಗಡಿ ಆ ಮಾತು ಹೇಳದಿರುವುದು ಆಗ ಮಾತ್ರ. ಆಗಿನ ಮಾತು: ‘ಇವತ್ತಿಂದು ಸಾರ್, ಮಂಗಳೂರಿಂದು.’ 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಜರಿದು ಸಂಪಾಜೆ ದಾರಿ ವಾರಗಟ್ಟಲೆ ಮುಚ್ಚಿದಾಗ ಘಾಟಿಯ ಕಷ್ಟ ಏನೆಂಬುದು ಜಿಲ್ಲೆಗೆಲ್ಲ ತಿಳಿಯಿತು. ಆಗ ಮೀನಿನ ಮಾತೆತ್ತುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಗಾಜಿನೊಳಗಿನ ನೆರೆಹೊರೆಯವರ ಪೂರ್ವಾಪರವನ್ನು ಅಂಜಲ್ ಅವರು ತಿಳಿದಿರುವುದು ಒಳ್ಳೆಯದು. ಮುಳ್ಳಿಲ್ಲ, ವಾಸನೆಯಿಲ್ಲ, ರುಚಿಯ ತಂಟೆಯೂ ಇಲ್ಲದ ಬಾಸಾ ವಿಯೆಟ್ನಾಮಿನ ಮೆಕಾಂಗ್ ಸೀಮೆಯ ಸಿಹಿನೀರಿನ ಸಂತಾನ. ವನ್ನಾಮಿ ಸಿಗಡಿಯ ಮೂಲ ಅಮೆರಿಕಾ ಖಂಡದ ಶಾಂತಸಾಗರದ ಅಂಚು. ಭಾರತದಲ್ಲಿ 2009ರಲ್ಲಿ ಅದರ ಸಾಕಣೆಗೆ ಅನುಮತಿ ಸಿಕ್ಕಿತು, ಈಗ ಆಂಧ್ರದ ಹೊಂಡಗಳಲ್ಲಿ ಬೆಳೆಯುತ್ತದೆ. ನಾರ್ವೆಯ ಸಾಲ್ಮನ್ ಕಡಲನ್ನು ಕಂಡಿದೆ, ಆದರೆ ಬಲೆಯ ಪಂಜರದೊಳಗಿನಿಂದ. ಸೀಫುಡ್ ಎಂಬ ಬೋರ್ಡಿನ ಕೆಳಗೆ ಕಡಲಲ್ಲಿ ಸ್ವತಂತ್ರವಾಗಿ ಈಜಿದವರು ಅಂಜಲ್, ಬಂಗುಡೆಯಂಥ ಕೆಲವರೇ. ಅವರಲ್ಲಿ ಬಂಗುಡೆಯನ್ನು ಅಗ್ಗದ್ದೆಂದು ಮೂಲೆಗೆ ತಳ್ಳಲಾಗಿದೆ.

ಮೀನನ್ನು ಪರೀಕ್ಷಿಸುವ ಪದ್ಧತಿ ಹಳೆಯದು: ಕಿವಿರು ಎತ್ತಿ ಕೆಂಪು ನೋಡುವುದು, ಕಣ್ಣು ಗುಳಿಬಿದ್ದಿದೆಯೇ ನೋಡುವುದು, ಬೆರಳಿಂದ ಒತ್ತಿ ಗುಳಿ ನಿಲ್ಲುತ್ತದೆಯೇ ನೋಡುವುದು. ಮೂರಕ್ಕೂ ಕೈ ಬೇಕು, ಗಾಜು ಇರುವುದು ಕೈಗೆ ಅಡ್ಡ. 2018ರ ಜೂನ್‌ನಲ್ಲಿ ಕೇರಳದ ‘ಸಾಗರ ರಾಣಿ’ ಕಾರ್ಯಾಚರಣೆ ಫಾರ್ಮಾಲಿನ್ ಬೆರೆತ ಮೀನನ್ನು ರಾಶಿಗಟ್ಟಲೆ ಹಿಡಿದ ಮೇಲೆ ಗಿರಾಕಿಗಳು ‘ಕೆಮಿಕಲ್ ಹಾಕಿದ್ದಾ?’ ಎಂದು ಕೇಳಲು ಕಲಿತರು. ಅಂಗಡಿಗಳು ‘ಇಲ್ಲ’ ಎನ್ನಲು ಕಲಿತವು. ತೂಕದ ವಿಷಯದಲ್ಲಿ ಪದ್ಧತಿ ಹೀಗಿದೆ: ತಕ್ಕಡಿ ಮೊದಲು, ಕತ್ತಿ ಆಮೇಲೆ. ತಲೆ, ಕರುಳು, ರೆಕ್ಕೆಗಳಿಗೂ ಕಿಂಗ್‌ಫಿಶ್ ದರ ಕೊಟ್ಟ ಗಿರಾಕಿ ‘ತಲೆ ಬೇಕಾ ಸಾರ್?’ ಎಂದು ಕೇಳಿದಾಗ ನಾಚಿ ಬೇಡ ಎನ್ನುತ್ತಾನೆ. ಫ್ರೋಜನ್ ಸಿಗಡಿಯಲ್ಲಿ ಮೇಲೆ ಹೊದಿಸಿದ ಐಸಿನ ಪದರವೂ ಸಿಗಡಿಯೇ, ಮನೆ ಮುಟ್ಟುವವರೆಗೆ.

ಇಷ್ಟಕ್ಕೂ ಕೊಡಗು ಮೀನು ಕಾಣದ ಊರಲ್ಲ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಣಮೀನು ತನ್ನ ವಾಸನೆಯನ್ನು ಮುಚ್ಚಿಡದೆ ಕೂತಿರುತ್ತದೆ. ಮತ್ತಿ, ಬಂಗುಡೆ ಅದೇ ಘಾಟಿಯನ್ನು ಹತ್ತಿದ್ದರೂ ಅದರ ಜಂಬ ಕೊಚ್ಚುವುದಿಲ್ಲ. ಮುಂಗಾರಿನ ಹೊಸನೀರಿಗೆ ತೋಡಿನಿಂದ ಗದ್ದೆಗೆ ಹತ್ತುವ ಬೆರಳುದ್ದದ ಕೊಯ್ಲೆ ಮೀನನ್ನು ಕೊಡವರ ಅಡುಗೆಮನೆ ಹುಳಿಗೆ ಕಾಚಂಪುಳಿ ಹಾಕಿ ಸಾರು ಮಾಡಿ, ಅಕ್ಕಿ ಒಟ್ಟಿಯೊಂದಿಗೆ ಬಡಿಸುತ್ತಾ ಬಂದಿದೆ. ಗದ್ದೆ ಕಡಿಮೆಯಾದಂತೆ ಕೊಯ್ಲೆಯೂ ಕಡಿಮೆಯಾಗಿದೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಯೋಚನೆ ಯಾರಿಗೂ ಬಂದಿಲ್ಲ. ದೂರದಿಂದ ಬಂದದ್ದಲ್ಲವಲ್ಲ.

ಸಂಜೆಯವರೆಗೂ ಬಿಕರಿಯಾಗದ ಅಂಜಲ್ ಅವರಿಗೆ ಮರುದಿನ ಬಡ್ತಿ ಸಿಗುತ್ತದೆ. ತುಂಡಾಗಿ, ಮಸಾಲೆ ಮೆತ್ತಿಕೊಂಡು, ಎರಡು ಚಮಚ ಕಾಚಂಪುಳಿಯಲ್ಲಿ ಮಿಂದು ‘ರೆಡಿ ಟು ಫ್ರೈ’ ತಟ್ಟೆಗೆ ಏರುತ್ತಾರೆ. ಹೊಸ ಚೀಟಿಯ ಪ್ರಕಾರ ಅವರು ‘ಕೂರ್ಗ್ ಸ್ಪೆಷಲ್’, ಅಂದರೆ ಸ್ಥಳೀಯರು. ದರದಲ್ಲಿ ಘಾಟಿಯ ಬಾಬ್ತು ಮಾತ್ರ ಕಳೆದಿರುವುದಿಲ್ಲ.

ಪ್ರತಿ: ಪಕ್ಕದ ತಟ್ಟೆಯ ಬಾಸಾ ಅವರಿಗೆ, ಮಾಹಿತಿಗಾಗಿ.