ತುಟಿ ಸೇರದ ಮಾತು

ಪುಷ್ಯ ಬಹುಳ ಬಿದಿಗೆಯ ಸಾಯಂಕಾಲ ಕೊಪ್ಪಳದ ಗವಿಸಿದ್ಧೇಶ್ವರನ ತೇರು ಹೊರಡುವ ಹೊತ್ತಿಗೆ ಮಠದ ಮುಂದಿನ ಬಯಲಿನಲ್ಲಿ ನಿಂತವನಿಗೆ, ತನ್ನ ಕಾಲು ಯಾವುದು, ಪಕ್ಕದವನ ಕಾಲು ಯಾವುದು ಎಂಬ ಭೇದಜ್ಞಾನವೇ ಅಳಿದುಹೋಗಿ, ವೇದಾಂತಿಗಳು ಬಹುಕಾಲದ ಸಾಧನೆಯಿಂದ ಪಡೆಯುವ ಅದ್ವೈತವು ಅನಾಯಾಸವಾಗಿ ಸಿದ್ಧಿಸಿಬಿಡುತ್ತದೆ. ನೆರೆದಿರುವವರು ಲಕ್ಷಾಂತರ ಜನ. ಅವರಲ್ಲಿ ಅರ್ಧದಷ್ಟು ಮಂದಿ ತೇರಿನ ಮೇಲೆ ಉತ್ತತ್ತಿಯನ್ನು ಎಸೆಯುವವರು, ಉಳಿದ ಅರ್ಧ ಆ ಉತ್ತತ್ತಿಗಳನ್ನು ತಲೆಯ ಮೇಲೆ ಸ್ವೀಕರಿಸುವವರು. ನಾನು ಹುಟ್ಟಿನಿಂದಲೇ ಎರಡನೆಯ ಪಂಗಡಕ್ಕೆ ಸೇರಿದವನು.

ಕಳೆದ ಜಾತ್ರೆಗೆ ಹೋದಾಗ ನಮ್ಮ ಮೇಲೆ ಒಂದು ವಿಶೇಷ ಹೊಣೆಯೂ ಇತ್ತು. ಹಿರಿಯ ಮಗನಿಗೆ ಕುಷ್ಟಗಿಯ ಕನ್ಯೆಯೊಡನೆ ನಿಶ್ಚಯವಾಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಬಾಣಂತಿಯಿದ್ದುದರಿಂದ ಜಾತ್ರೆಗೆ ಬರಲಾಗದೆ ಬೀಗರು, “ತೇರಿನ ವಿಡಿಯೋ ಕಳಸ್ರಿ, ಇಲ್ಲಿಂದನ ಕೈ ಮುಗಿತೀವಿ” ಎಂದು ಫೋನಿನಲ್ಲಿ ಹೇಳಿದ್ದರು. ಹೊಸ ಬೀಗರ ಮೊದಲ ಅಪೇಕ್ಷೆ. ವರದಕ್ಷಿಣೆಯ ಮಾತೇ ಇಲ್ಲದ ಸಂಬಂಧವಾದುದರಿಂದ ಅದನ್ನು ಪೂರೈಸುವುದು ನಮಗೆ ಧರ್ಮವೇ ಆಗಿತ್ತು. ಆದಕಾರಣ ಚಿತ್ರ ತೆಗೆಯುವ ಭಾರವನ್ನು ಯಲಬುರ್ಗಿಯಿಂದ ಬಂದಿದ್ದ ನನ್ನ ತಂಗಿಯ ಮಗನಿಗೆ ವಹಿಸಿದೆ. ಅವನ ಸೀಮೆಯ ಇಟಗಿಯಲ್ಲಿ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನವು ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿದೆಯಷ್ಟೆ. ನಮ್ಮ ಅಳಿಯನು ತನ್ನ ಓರಗೆಯವರಲ್ಲಿ ಮೊಬೈಲ್ ಚಕ್ರವರ್ತಿಯೆಂದು ಹೆಸರು ಪಡೆದವನು. ಆತನಿಗೆ ಇನ್ನೂ ಯಾರೂ ಶಾಸನ ಹಾಕಿಸಿಲ್ಲ.

ರಾತ್ರಿ ದಾಸೋಹದಲ್ಲಿ ರೊಟ್ಟಿ, ಮಾದಲಿಗಳನ್ನು ತೃಪ್ತಿಯಾಗಿ ಉಂಡು ಮನೆಗೆ ಬಂದು ಚಿತ್ರವನ್ನು ನೋಡಿದೆವು. ಒಂದು ನಿಮಿಷ ಹತ್ತು ಸೆಕೆಂಡು. ತೇರು ಅಲುಗಿ ಮುಂದೆ ಸರಿದದ್ದು, ಜನಸಾಗರದ ಎತ್ತಿದ ಕೈಗಳು, ಹಿಂದಿನ ಗುಡ್ಡಕ್ಕೆ ಹತ್ತಿದ ಸಂಜೆಯ ಬಣ್ಣ, ಎಲ್ಲವೂ ಚೆನ್ನಾಗಿ ಬಂದಿದ್ದವು. ಐವತ್ತನೆಯ ಸೆಕೆಂಡಿಗೆ ಅಳಿಯನು ಮಂಗಳಾಚರಣೆಗೆಂಬಂತೆ ಮೊಬೈಲನ್ನು ನಮ್ಮಿಬ್ಬರ ಕಡೆಗೆ ತಿರುಗಿಸಿದ್ದನು. ಅದು ನಮಗೆ ತಿಳಿದಿರಲಿಲ್ಲ. ಆ ಇಪ್ಪತ್ತು ಸೆಕೆಂಡುಗಳಲ್ಲಿ ನನ್ನ ಪತ್ನಿಯು ಭಕ್ತಿಯಿಂದ ತೇರಿನ ಕಡೆಗೇ ಮುಖವಿಟ್ಟು, ಬಲಗೈಯಲ್ಲಿ ಕಾಣದ ಚಮಚವೊಂದನ್ನು ಹಿಡಿದು ಅಲ್ಲಾಡಿಸುತ್ತ, “ನಿಶ್ಚಯದ ದಿನ ನೋಡಿದ್ರೆಲ್ಲ, ಹೋಳಿಗಿ ಮ್ಯಾಲೆ ತುಪ್ಪ ಚಮಚದಾಗ ಅಳದು ಹಾಕಿದ್ರು, ಕೂಸಿಗೆ ಔಷಧ ಹಾಕಿದಂಗ!” ಎಂದಿದ್ದಳು. ಅದೇ ಕ್ಷಣದಲ್ಲಿ ನನ್ನ ನೆತ್ತಿಗೆ ಉತ್ತತ್ತಿಯೊಂದು ಬಡಿದುದರಿಂದ ಉಂಟಾದ ಉದ್ವೇಗದಲ್ಲಿ ನಾನು, “ಬೀಗ ಮಹಾ ಜಿಪುಣ!” ಎಂದು ಗರ್ಜಿಸಿದ್ದೆ.

‘ಕವಿರಾಜಮಾರ್ಗ’ಕಾರನು ಕನ್ನಡದ ತಿರುಳು ಇರುವ ನೆಲದ ಎಲ್ಲೆಗಳನ್ನು ಗುರುತಿಸುವಾಗ ಕಿಸುವೊಳಲ್, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಹೆಸರಿಸಿರುವುದನ್ನು ನಮ್ಮವರು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಒಂಬತ್ತನೆಯ ಶತಮಾನದ ಆ ಕೊಪಣವೇ ಇಂದಿನ ಕೊಪ್ಪಳ. ಅಂದು ಮೊಬೈಲಿನಿಂದ ಹೊರಟ ನಮ್ಮ ಕನ್ನಡವು ನಿಜವಾಗಿಯೂ ತಿರುಳಿನ ತಿರುಳಾಗಿತ್ತು. ಭೇರಿ, ಡೊಳ್ಳು, ಜಯಘೋಷ ಯಾವುದೂ ಅದರ ಸ್ಪಷ್ಟತೆಗೆ ಕುಂದು ತಂದಿರಲಿಲ್ಲ.

ಈ ವಿಡಿಯೋವನ್ನು ಕಳಿಸುವುದು ಹೇಗೆ? ಕಳಿಸದಿರುವುದು ಹೇಗೆ? ಅಷ್ಟರಲ್ಲಿ ಕುಷ್ಟಗಿಯಿಂದ, “ಬರ್ಲಿಲ್ರೀ ಇನ್ನ?” ಎಂದು ವಿಚಾರಣೆಯೂ ಬಂದಿತು. ನಾನು ಸ್ವಬುದ್ಧಿಯನ್ನು ಪ್ರಯೋಗಿಸಿ, ಮೊಬೈಲಿನ ಮಗ್ಗುಲಿನ ಗುಂಡಿಯನ್ನು ಒತ್ತಿ ಒತ್ತಿ ಸದ್ದನ್ನು ಪೂರ್ತಿಯಾಗಿ ಇಳಿಸಿ, ಮತ್ತೊಮ್ಮೆ ನೋಡಿ, ಏನೂ ಕೇಳದಿರುವುದನ್ನು ಖಚಿತಪಡಿಸಿಕೊಂಡು, ಇನ್ನೇನು ಬೀಗರಿಗೆ ಕಳಿಸಬೇಕು ಎನ್ನುವಷ್ಟರಲ್ಲಿ ಅಳಿಯನು ಹಾರಿಬಂದು ನನ್ನ ಕೈ ಹಿಡಿದನು. “ಮಾಮಾ, ನಿಮ್ಮ ಫೋನಿನ ಬಾಯಿ ಮುಚ್ಚಿದ್ರ ಅವರ ಫೋನಿನ ಬಾಯಿ ಮುಚ್ಚತದೇನು?” ಎಂದನು. ದೃಷ್ಟಾಂತವು ಸಮರ್ಪಕವಾಗಿತ್ತು.

ಆಮೇಲೆ ಅವನಿಂದ ನನಗಾದ ಉಪದೇಶದ ಸಾರವಿಷ್ಟು. ವಿಡಿಯೋ ಎಂದು ನಾವು ಕರೆಯುವುದು ಒಂದೇ ವಸ್ತುವಲ್ಲ. ಚಿತ್ರದ ಧಾರೆ ಬೇರೆ, ಧ್ವನಿಯ ಧಾರೆ ಬೇರೆ. ಎರಡನ್ನೂ ಜೋಡೆತ್ತುಗಳಂತೆ ಒಂದೇ ನೊಗಕ್ಕೆ ಹೂಡಿರುತ್ತಾರೆ. ಧ್ವನಿಯ ಎತ್ತನ್ನು ಬಿಚ್ಚಿ ಹಟ್ಟಿಗೆ ಅಟ್ಟಿದರೂ ಚಿತ್ರದ ಎತ್ತು ಒಂಟಿಯಾಗಿ, ಕೂದಲೆಳೆಯಷ್ಟೂ ಕೆಡದೆ, ಮುಂದೆ ಸಾಗುತ್ತದೆ. ಹಾಗಾದರೆ ಜಯಘೋಷವನ್ನು ಉಳಿಸಿ ನಮ್ಮಿಬ್ಬರ ಸಂಭಾಷಣೆಯನ್ನು ಮಾತ್ರ ತೆಗೆಯಲಾಗದೆ ಎಂದೆ. ಎಲ್ಲ ಸದ್ದುಗಳೂ ಒಂದೇ ಮೈಕಿನ ಕಿಂಡಿಯಲ್ಲಿ ನುಗ್ಗಿ ಬೆರೆತುಹೋಗಿವೆ, ಅದು ಸುಲಭವಲ್ಲ ಎಂದನು. ಹಾಲಿನಿಂದ ನೀರನ್ನು ಬೇರ್ಪಡಿಸುವ ಹಂಸವನ್ನು ನಮ್ಮ ಕವಿಗಳು ಸಾಕಿದ್ದರು. ಭಕ್ತರ ಘೋಷದಿಂದ ಬೀಗರ ನಿಂದೆಯನ್ನು ಬೇರ್ಪಡಿಸುವ ಕೃತಕ ಹಂಸಗಳೂ ಈಗ ಹುಟ್ಟಿವೆಯಂತೆ, ಆದರೆ ಅವು ಮೇವಿಗೆ ರೊಕ್ಕ ಕೇಳುತ್ತವೆ. ಬೀಗರನ್ನು ಜಿಪುಣರೆಂದ ಬಾಯಿಯಿಂದಲೇ ಆ ಖರ್ಚಿಗೆ ಒಪ್ಪಲು ನನಗೆ ಆಗಲಿಲ್ಲ. ಹೋಗಲಿ, ಸದ್ದು ಹೋದರೆ ವಿಡಿಯೋ ಹಗುರಾಗಿ ಬೇಗ ಹೋದೀತಲ್ಲ ಎಂದು ಸಮಾಧಾನ ಮಾಡಿಕೊಳ್ಳಹೊರಟರೆ ಅದೂ ಇಲ್ಲ: ಧ್ವನಿಯ ಭಾರ ನಿಮಿಷಕ್ಕೆ ಹೆಚ್ಚೆಂದರೆ ಒಂದೆರಡು ಎಂಬಿ, ಚಿತ್ರದ್ದು ಅದರ ಹತ್ತಾರು ಪಟ್ಟು. ಬೈಗಳಿಗೆ ತೂಕವಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದುದು ಇದೇ ಇರಬೇಕು.

ಕೊನೆಗೆ ಉಳಿದದ್ದು ಸರ್ವನಾಶವೊಂದೇ. ಅದಕ್ಕೆ ಬೇರೆ ಉಪಕರಣವೇ ಬೇಡ. ವಾಟ್ಸಾಪಿನಲ್ಲಿ ವಿಡಿಯೋವನ್ನು ಆರಿಸಿದ ಮೇಲೆ, ಕಳಿಸುವುದಕ್ಕೆ ಮುನ್ನ, ಮೂಲೆಯಲ್ಲೊಂದು ಪುಟ್ಟ ಧ್ವನಿವರ್ಧಕದ ಚಿಹ್ನೆ ಕಾಣಿಸುತ್ತದೆ. 2021ರಲ್ಲಿ ಬಂದ ಅನುಕೂಲವಿದು. ಅದನ್ನು ಬೆರಳಿನಿಂದ ಮುಟ್ಟಿದರೆ ಅದರ ಮೇಲೊಂದು ಅಡ್ಡಗೆರೆ ಬಿದ್ದು ಮೌನವು ಪ್ರತಿಷ್ಠಾಪಿತವಾಗುತ್ತದೆ. ಕನ್ನಡದ ಚಲಚ್ಚಿತ್ರವು ಮೌನವನ್ನು ಮುರಿದು ‘ಸತೀ ಸುಲೋಚನಾ’ದಲ್ಲಿ ಬಾಯಿ ಬಿಡುವುದಕ್ಕೆ 1934ನೆಯ ಇಸವಿಯವರೆಗೆ ಕಾಯಬೇಕಾಯಿತು, ಅಷ್ಟು ಕಷ್ಟದಿಂದ ಬಂದ ಮಾತನ್ನು ತೊಂಬತ್ತು ವರ್ಷಗಳ ತರುವಾಯ ನಾನು ಒಂದು ಬೆರಳಿನಿಂದ ಅಡಗಿಸಿ, ವಿಡಿಯೋವನ್ನು ಕುಷ್ಟಗಿಗೆ ಬೀಳ್ಕೊಟ್ಟು, ಸುಖವಾಗಿ ಮಲಗಿದೆ.

ಮಲಗುವ ಮುನ್ನ ನನಗೆ ಒಂದು ಸಂಗತಿ ನೆನಪಾಗಬೇಕಾಗಿತ್ತು. ಅದೇ ಗವಿಮಠದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಧ್ವನಿಯನ್ನು ಕಳೆದು ಆಕಾರವನ್ನಷ್ಟೇ ಉಳಿಸಿದ ಮಾತು ಅದು. ಅದರ ಲಿಪಿಯನ್ನೇ ಲೋಕ ಮರೆತಿತ್ತು. ಆದರೂ 1837ರಲ್ಲಿ ಪ್ರಿನ್ಸೆಪ್ ಎಂಬ ಪುಣ್ಯಾತ್ಮನು ಬ್ರಾಹ್ಮಿಯ ಗುಟ್ಟನ್ನು ಒಡೆದನು. 1931ರಲ್ಲಿ ನಮ್ಮೂರ ಶಾಸನವು ಬೆಳಕಿಗೆ ಬಂದಾಗ ಪಂಡಿತರು ಅದನ್ನು ಓದಿಯೂ ಓದಿದರು. ಸದ್ದಿಲ್ಲದ ಮಾತನ್ನು ಯಾರೂ ತಿಳಿಯಲಾರರೆಂದು ಆ ಬಂಡೆಯ ಕೆಳಗೇ ನಿಂತು ಬಂದವನು ನಂಬಿದನಲ್ಲ!

ಮರುದಿನ ಬೀಗರು ವಿಡಿಯೋ ನೋಡಿದರು. ತೇರು ಸಾಗಿತು, ಜನ ಬಾಯಿ ತೆರೆದರು, ಏನೂ ಕೇಳಲಿಲ್ಲ. ತಮ್ಮ ಮೊಬೈಲು ಕೆಟ್ಟಿತೆಂದು ಭಾವಿಸಿ ಅವರು ಅದನ್ನು ರಿಪೇರಿ ಅಂಗಡಿಗೆ ಒಯ್ದರು. ಅಂಗಡಿಯವನು ಅದರ ಹೊಟ್ಟೆಯನ್ನು ಬಿಚ್ಚಿ, ಧೂಳು ಝಾಡಿಸಿ, ನೂರೈವತ್ತು ರೂಪಾಯಿ ಇಸಿದುಕೊಂಡು, ಬೇರೊಂದು ವಿಡಿಯೋವನ್ನು ಹಚ್ಚಿ ತೋರಿಸಿದನು. ಅದು ಹಾಡಿತು, ಕುಣಿಯಿತು. ಹಾಗಾದರೆ ದೋಷ ಮೊಬೈಲಿನದಲ್ಲ, ತೇರಿನದೂ ಅಲ್ಲ. ಬೇಕೆಂದೇ ಬಾಯಿ ಕಟ್ಟಿ ಕಳಿಸಿದ್ದಾರೆ! ಮಾತು ಕೇಳಿಸಿದ್ದರೆ ಜಾತ್ರೆಯ ಗದ್ದಲದಲ್ಲಿ ಯಾರ ಲಕ್ಷ್ಯವೂ ಅದರ ಕಡೆಗೆ ಹರಿಯದಿರುತ್ತಿತ್ತೇನೋ. ಮೌನವಾದರೋ ಎಲ್ಲರ ಕಣ್ಣುಗಳನ್ನೂ ನಮ್ಮ ತುಟಿಗಳ ಮೇಲೆ ನೆಡಿಸಿತು. ನೂರೈವತ್ತು ರೂಪಾಯಿಗಳ ದುಃಖದಲ್ಲಿ ಬೀಗರು ಆ ವಿಡಿಯೋವನ್ನು ಗಂಗಾವತಿಯಲ್ಲಿರುವ ತಮ್ಮ ಅಕ್ಕನಿಗೆ ದಾಟಿಸಿದರು.

ಈ ಅಕ್ಕನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತುಂಗಭದ್ರೆಗೆ ಕಟ್ಟೆ ಕಟ್ಟಿ, ಮುನಿರಾಬಾದಿನಿಂದ ಎಡದಂಡೆಯ ಕಾಲುವೆ ಹರಿದ ಮೇಲೆ ಜೋಳದ ಸೀಮೆಯಾಗಿದ್ದ ಗಂಗಾವತಿಯು ಭತ್ತದ ಕಣಜವಾಯಿತು. ಕಣಜದ ಹಿಂದೆಯೇ ರೈಸ್ ಮಿಲ್ಲುಗಳು ಬಂದವು. ಅಂಥದೊಂದು ಮಿಲ್ಲಿನ ಗೋಡೆಗೆ ಅಂಟಿದ ಮನೆಗೆ ಸೊಸೆಯಾಗಿ ಹೋದವರು ಈಕೆ. ಹಗಲಿರುಳು ಯಂತ್ರದ ಅಬ್ಬರ. ಅತ್ತೆಯು ಬೈದರೂ ಕೇಳದು, ಗಂಡನು ಕರೆದರೂ ಕೇಳದು. ಹಾಗೆ ಮೂವತ್ತು ವರ್ಷ ಬಾಳಿದವರು ಕಿವಿಯ ಕೆಲಸವನ್ನು ಕಣ್ಣಿಗೆ ಕಲಿಸಿಬಿಟ್ಟಿದ್ದರು. ತುಟಿ ಅಲುಗಿದರೆ ಸಾಕು, ಮಾತು ಅವರಿಗೆ ಅಂಗೈಯ ನೆಲ್ಲಿ.

ಸಂಜೆಗೆ ನನ್ನ ಮೊಬೈಲಿಗೆ ಆಕೆಯ ಧ್ವನಿಸಂದೇಶ ಬಂದಿತು. ನಮ್ಮಂತೆ ಆಕೆ ಧ್ವನಿಯನ್ನು ತೆಗೆದಿರಲಿಲ್ಲ. “ಶರಣ್ರೀ ಅಣ್ಣಾರ, ತೇರು ಭಾಳ ಛಲೋ ಕಂಡ್ತು. ಬರೋ ಸೋಮವಾರ ಕುಷ್ಟಗಿಗೆ ಊಟಕ್ಕ ಬರಬೇಕು, ನಾನೂ ಬರ್ತೀನಿ. ಹೋಳಿಗಿ ಮಾಡಸ್ತೀನಿ. ಚಮಚ ತಗದಿಡಾಕ ಹೇಳೀನಿ.”

ಪತ್ನಿಯು ನನ್ನ ಮುಖವನ್ನೂ ನಾನು ಅವಳ ಮುಖವನ್ನೂ ನೋಡಿದೆವು. ಆ ನೋಟದಲ್ಲಿಯೂ ಧ್ವನಿಯಿರಲಿಲ್ಲ. ಆಮೇಲೆ ಕುಳಿತು ಆಲೋಚಿಸಿದಾಗ ನಮ್ಮ ದುರ್ದೈವದ ವ್ಯಾಕರಣವು ತಿಳಿಯಿತು. ಕಂಠದಲ್ಲಿಯೋ ತಾಲುವಿನಲ್ಲಿಯೋ ಹುಟ್ಟುವ ಅಕ್ಷರಗಳು ಬಾಯೊಳಗೆ ಮರೆಯಾಗಿರುತ್ತವೆ. ಪ, ಬ, ಮಗಳು ಮಾತ್ರ ಓಷ್ಠ್ಯಗಳು, ತುಟಿಗಳು ಕೂಡದೆ ಹುಟ್ಟವು. ನಾವು ಆಡಿದ್ದೇನು? ಮ್ಯಾಲೆ, ತುಪ್ಪ, ಚಮಚ, ಬೀಗ, ಮಹಾ, ಜಿಪುಣ! ಮಿಲ್ಲಿನ ಮನೆಯಾಕೆಗೆ ಓದಲೆಂದೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದಂತಿತ್ತು. ‘ಕವಿರಾಜಮಾರ್ಗ’ಕ್ಕೆ ಮಾರ್ಗ ತೋರಿದ ದಂಡಿಯು ತನ್ನ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತನ ಕಥೆಯನ್ನು ಓಷ್ಠ್ಯಾಕ್ಷರವೊಂದೂ ಇಲ್ಲದೆ ಹೇಳಿಸಿದ್ದಾನೆ. ಪ್ರಿಯೆಯು ಕಚ್ಚಿದ ಗಾಯದಿಂದ ಆ ಕುಮಾರನ ತುಟಿಗಳು ಸೇರುತ್ತಿರಲಿಲ್ಲವಂತೆ. ಬೀಗರನ್ನು ಕುರಿತು ಮಾತಾಡಬೇಕೆನ್ನುವವರು ಆ ವಿದ್ಯೆಯನ್ನು ಅಭ್ಯಾಸ ಮಾಡಿಕೊಳ್ಳುವುದು ಲೇಸು. ನನ್ನ ವಯಸ್ಸಿಗೆ ಕಚ್ಚಿಸಿಕೊಳ್ಳುವ ಯೋಗವಿಲ್ಲ.

ಸೋಮವಾರ ಹೋದೆವು. ಬೀಗರು ನಗುನಗುತ್ತ ಕಾಲಿಗೆ ನೀರು ಕೊಟ್ಟರು, ಎಲೆ ಹಾಕಿದರು, ಹೋಳಿಗೆ ಬಡಿಸಿದರು. ವಿಡಿಯೋದ ಮಾತನ್ನು ಒಬ್ಬರೂ ಎತ್ತಲಿಲ್ಲ. ಆಗ ಒಳಗಿನಿಂದ ಆ ಅಕ್ಕನವರು ತುಂಬಿದ ತುಪ್ಪದ ತಂಬಿಗೆಯನ್ನು ಎರಡೂ ಕೈಗಳಿಂದ ಹಿಡಿದು ಬಂದು ನನ್ನ ಎಲೆಯ ಮೇಲೆ ಬಗ್ಗಿಸಿದರು. ಹೋಳಿಗೆ ಮುಳುಗಿತು. ಕೋಸಂಬರಿ ತೇಲಿತು. ತುಪ್ಪವು ಎಲೆಯ ಅಂಚನ್ನು ದಾಟಿ ನನ್ನ ಹೊಸ ಧೋತರದತ್ತ ಎಡದಂಡೆಯ ಕಾಲುವೆಯಂತೆ ಹೊರಟಿತು. ನಾನು ಅಂಗೈಗಳನ್ನು ಅಡ್ಡಹಿಡಿದು, “ಸಾಕ್ರೀ, ಸಾಕ್ರೀ ಅಕ್ಕಾರ!” ಎಂದು ಕೂಗಿದೆ.

“ಏನಂದ್ರಿ? ಮಿಲ್ಲಿನ ಕಿವಿ ನೋಡ್ರಿ, ಕೇಳಸವಲ್ದು” ಎನ್ನುತ್ತ ಆಕೆ ನನ್ನ ತುಟಿಗಳನ್ನೇ ನೆಟ್ಟ ದೃಷ್ಟಿಯಿಂದ ನೋಡಿದರು, ನಾನು ಮತ್ತೊಮ್ಮೆ ಕೂಗಿದೆ, ಆಕೆ ಮತ್ತೊಮ್ಮೆ ಬಗ್ಗಿಸಿದರು. ‘ಸಾಕ್ರೀ’ ಎನ್ನುವಾಗ ತುಟಿಗಳು ಸೇರುವುದೇ ಇಲ್ಲ.