ಲೋಕಿಕೆರೆ ಪ್ರತಿ: ಪುರಾತನ ಪಿಕಪ್ ಗಾಡಿಯ ಪಾಠಪರಿಷ್ಕರಣ ಹಾಗೂ ಜೀರ್ಣೋದ್ಧಾರ ಮೀಮಾಂಸೆ

1. ಪೀಠಿಕೆ ಮತ್ತು ಪರಿಭಾಷೆ

ಹಳೆಯ ಪಿಕಪ್ ಗಾಡಿಯನ್ನು ಗುರುತಿಸಿ ದುರಸ್ತಿ ಮಾಡುವ ಕೆಲಸವನ್ನು ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ಇದುವರೆಗೆ ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ, ಸ್ಪ್ಯಾನರಿನಿಂದ ಬಿಚ್ಚಿ ನಡೆಸಿಕೊಂಡು ಬರಲಾಗಿದ್ದು, ಇಂಥ ಅಶಾಸ್ತ್ರೀಯ ಕ್ರಮದಿಂದ ಗಾಡಿಗಳು ಓಡತೊಡಗಿದವೇ ಹೊರತು ವಿದ್ವತ್ ಲೋಕಕ್ಕೆ ಒಂದು ಪಾರಿಭಾಷಿಕ ಪದವೂ ದಕ್ಕಲಿಲ್ಲ. ಈ ಕೊರತೆಯನ್ನು ತುಂಬಲು ಪ್ರಸ್ತುತ ಪ್ರಬಂಧವು ಗ್ರಂಥಸಂಪಾದನೆ, ಶಾಸನಶಾಸ್ತ್ರ ಮತ್ತು ಟಿಂಕರಿಂಗ್ ಎಂಬ ಮೂರು ಜ್ಞಾನಶಿಸ್ತುಗಳನ್ನು ಕೂಡಿಸಿ ‘ಶಕಟಪಾಠಮೀಮಾಂಸೆ’ ಎಂಬ ಹೊಸ ಶಾಸ್ತ್ರವನ್ನು ಸ್ಥಾಪಿಸುತ್ತದೆ. ಗಾಡಿಯನ್ನು ಓಡಿಸದೆ ಓದುವುದು ಹೇಗೆಂದು ತಿಳಿಸುವುದೇ ಈ ಶಾಸ್ತ್ರದ ಪ್ರಯೋಜನ.

ಈ ಶಾಸ್ತ್ರದ ಪ್ರಕಾರ ಗಾಡಿಯೆಂಬುದು ಒಂದು ಹಸ್ತಪ್ರತಿ. ಅದರ ಚಾಸಿ, ಅಂದರೆ ಉಳಿದೆಲ್ಲವನ್ನೂ ಹೊತ್ತ ಕೆಳಗಿನ ಉಕ್ಕಿನ ಚೌಕಟ್ಟು, ‘ಮೂಲಪಾಠ’. ಕಾರ್ಖಾನೆ ಬಿಟ್ಟ ಮೇಲೆ ಸೇರಿಕೊಂಡ ಬಿಡಿಭಾಗಗಳು ‘ಪ್ರಕ್ಷಿಪ್ತ’. ಗುಜರಿ ಅಂಗಡಿಯ ಪಾಲಾದ ಬಂಪರು, ಮೀಟರು, ಬಾಗಿಲ ಹಿಡಿಗಳು ‘ಲುಪ್ತಪಾಠ’. ತಲೆ ಸವೆದು ಯಾವ ಸ್ಪ್ಯಾನರಿಗೂ ಸಿಗದ ಬೋಲ್ಟುಗಳು ‘ಸಂದಿಗ್ಧಪಾಠ’. ಗಾಡಿಯಲ್ಲಿ ಉಳಿದವಕ್ಕೆಲ್ಲ ಮೆತ್ತಿಕೊಂಡಿರುವ ಗ್ರೀಸು ಮತ್ತು ಧೂಳಿನ ಗಟ್ಟಿ ಪದರಕ್ಕೆ ‘ಭಾಷ್ಯ’ವೆಂದು ಹೆಸರು, ಅದು ದಪ್ಪವಾದಷ್ಟೂ ಮೂಲ ಕಾಣದೆ ಹೋಗುವುದರಿಂದ ಈ ಹೆಸರು ಅನ್ವರ್ಥಕವಾಗಿದೆ.

ಅಧ್ಯಯನಕ್ಕೆ ಆಧಾರವಾಗಿ ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಲ್ಲಿ, ಕಣದ ಅಂಚಿನ ಬೇವಿನ ಮರದ ಕೆಳಗೆ, ಸಿದ್ಧಾಂತದ ಅನುಕೂಲಕ್ಕಾಗಿ ಒಂದು ಪಿಕಪ್ಪನ್ನು ಕಲ್ಪಿಸಿಕೊಂಡು ನಿಲ್ಲಿಸಲಾಗಿದ್ದು, ಅದನ್ನು ಇನ್ನು ಮುಂದೆ ‘ಲೋ’ ಪ್ರತಿ ಎಂದು ಕರೆಯಲಾಗುವುದು. ಇಂಥ ಗಾಡಿ ಅಲ್ಲಿ ನಿಜವಾಗಿ ನಿಂತಿದೆಯೇ ಎಂಬ ಆಕ್ಷೇಪ ಬರಲಾರದು, ಏಕೆಂದರೆ ಆಕ್ಷೇಪಿಸಬಲ್ಲ ವಿದ್ವಾಂಸರು ಲೋಕಿಕೆರೆಗೆ ಹೋಗುವುದಿಲ್ಲ.

2. ಕುಲನಿರ್ಣಯ

2.1 ಅಮೆರಿಕಮೂಲ ಕುಲ. ಜನರಲ್ ಮೋಟರ್ಸ್ ಕಂಪನಿಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣಾ ಕಾರ್ಖಾನೆ ತೆರೆದು ಷೆವ್ರೊಲೆ ಗಾಡಿಗಳನ್ನು ಹೊರಬಿಡತೊಡಗಿತು. ಫೋರ್ಡ್ ಕೂಡ ಇಲ್ಲಿ ಗಾಡಿಗಳನ್ನು ಜೋಡಿಸುತ್ತಿತ್ತು. ಬಿಡಿಭಾಗ ತರಿಸಿ ಬರಿದೆ ಜೋಡಿಸುವವರು ಇಲ್ಲಿಯೇ ತಯಾರಿಸುವ ಯೋಜನೆ ಹಾಕಿಕೊಳ್ಳಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು ಎಂದು 1953ರಲ್ಲಿ ಕೇಂದ್ರ ಸರ್ಕಾರ ನಿಲುವು ತಳೆದ ಬೆನ್ನಿಗೇ ಎರಡೂ ಕಂಪನಿಗಳು ಹೊರಟುಹೋದುದರಿಂದ, ದುಂಡು ಬಾನೆಟ್ಟಿನ ಷೆವ್ರೊಲೆ ಪಿಕಪ್ ಎದುರಾದರೆ ಅದು ಆ ಕಾಲಕ್ಕಿಂತ ಹಿಂದಿನದೆಂದು ಊಹಿಸಬಹುದು. ಈ ಕುಲದ ಇನ್ನೊಂದು ಲಕ್ಷಣವೆಂದರೆ ಪ್ರತಿಯೊಂದು ಗಾಡಿಯೂ ಮೈಸೂರು ಮಹಾರಾಜರ ಬಳಿ ಇತ್ತೆಂಬ ಐತಿಹ್ಯವನ್ನು ಹೊಂದಿರುವುದು. ಈ ಐತಿಹ್ಯಗಳನ್ನೆಲ್ಲ ಒಪ್ಪಿದರೆ ಮಹಾರಾಜರು ಸೌದೆ ಮತ್ತು ಹುಲ್ಲು ಸಾಗಿಸುವುದರಲ್ಲೇ ರಾಜ್ಯಭಾರದ ಬಹುಭಾಗವನ್ನು ಕಳೆದರೆಂದು ತೀರ್ಮಾನಿಸಬೇಕಾಗುತ್ತದೆ.

2.2 ತ್ರಿನಾಮ ಕುಲ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಡಾಡ್ಜ್, ಡಿಸೋಟೊ, ಫಾರ್ಗೊ ಎಂಬ ಮೂರು ಹೆಸರಿನ ಲಾರಿಗಳನ್ನು ಹೊರತಂದಿತು. ಮೈ ಹೆಚ್ಚುಕಡಿಮೆ ಒಂದೇ, ಹಣೆಯ ಮೇಲಿನ ಹೆಸರು ಮಾತ್ರ ಬೇರೆ. ಒಂದೇ ಪಾಠಕ್ಕೆ ಮೂವರು ಕರ್ತೃಗಳಿರುವ ಈ ಸ್ಥಿತಿಯನ್ನು ‘ಕರ್ತೃತ್ವ ವಿವಾದ’ ಎನ್ನಲಾಗುವುದು. ಕನ್ನಡದಲ್ಲಿ ಇಂಥ ವಿವಾದವೊಂದು ಕೈಗೆ ಸಿಕ್ಕರೆ ಮೂರು ಪಿಎಚ್‌.ಡಿ.ಗಳಿಗೆ ಸಾಕು.

2.3 ಜೀಪ್ ಕುಲ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಹುಟ್ಟಿದ ಕಂಪನಿ 1947ರಿಂದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಇದರಲ್ಲಿ ಎರಡು ಶಾಖೆಗಳಿವೆ.

2.3.1 ಉನ್ನತಲಲಾಟ ಶಾಖೆ. ಸಿಜೆ-3ಬಿ ಎಂಬ ಜೀಪಿನ ಎಂಜಿನ್ನಿನಲ್ಲಿ ಗಾಳಿ ಒಳಗೆಳೆಯುವ ವಾಲ್ವು ಮೇಲಿನ ಹೆಡ್ಡಿನಲ್ಲೂ ಹೊಗೆ ಬಿಡುವ ವಾಲ್ವು ಕೆಳಗಿನ ಬ್ಲಾಕಿನಲ್ಲೂ ಇದ್ದು, ಇದರಿಂದ ಎಂಜಿನ್ ಎತ್ತರವಾಗಿ, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು.

2.3.2 ಲುಪ್ತನಾಸಿಕ ಶಾಖೆ. ಎಫ್‌ಸಿ-150 ಎಂಬ ಪಿಕಪ್ಪಿನಲ್ಲಿ ಮೂಗೇ ಇಲ್ಲ. ಡ್ರೈವರು ಎಂಜಿನ್ನಿನ ಮಗ್ಗುಲಲ್ಲೇ, ಮುಂದಿನ ಗಾಲಿಯ ಮೇಲೆ ಕೂರುತ್ತಾನೆ. ಸಣ್ಣ ಜೀಪಿನಷ್ಟೇ ಉದ್ದದ, ಅಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 81 ಇಂಚಿನ ಅಂತರವಿರುವ ಚೌಕಟ್ಟಿನ ಮೇಲೆ ಹೆಚ್ಚು ಸರಕು ಹೇರಬೇಕೆಂಬ ಆಸೆಯಿಂದ ಹುಟ್ಟಿದ ಉಪಾಯವಿದು. ‘ಲೋ’ ಪ್ರತಿ ಈ ಶಾಖೆಗೆ ಸೇರಿದೆ.

2.3.2.1 ಲುಪ್ತನಾಸಿಕ ಶಾಖೆಯ ಉಪಶಾಖೆಗಳನ್ನು ಇಲ್ಲಿ ವಿವರಿಸಬೇಕಾಗಿತ್ತು. ಆದರೆ ಬಜಾಜ್ ಟೆಂಪೊದ ಮೆಟಡೋರಿಗೆ ಮೇಲಿನ ಯಾವ ಕುಲದಲ್ಲೂ ಜಾಗ ಸಿಗದೆ ಇರುವುದರಿಂದಲೂ, ಗಾಡಿಯ ಮಾಲೀಕರನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದ ಸಂಗತಿಗೆ ಇಷ್ಟು ಅಂಕಿಗಳು ಖರ್ಚಾಗಿರುವುದರಿಂದಲೂ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

3. ಕಾಲನಿರ್ಣಯ, ಅಥವಾ ತುಕ್ಕುಸ್ತರ ವಿಜ್ಞಾನ

ಬಾಗಿಲ ಮೇಲೆ ಉಪ್ಪುಕಾಗದ ಆಡಿಸಿದಾಗ ಬಣ್ಣಗಳು ಒಂದರ ಕೆಳಗೊಂದು ಕಾಣಿಸಿಕೊಳ್ಳುವುದನ್ನು ‘ಸ್ತರದರ್ಶನ’ ಎನ್ನುತ್ತಾರೆ. ಯಾವುದಾದರೂ ಸ್ತರದಲ್ಲಿ ‘ಪಬ್ಲಿಕ್ ಕ್ಯಾರಿಯರ್’ ಎಂಬ ಅಕ್ಷರಗಳು ಕಂಡುಬಂದರೆ ಅದು ಮಹತ್ವದ ಆಕರ. ಬಾಡಿಗೆಗೆ ಸರಕು ಹೊರುವ ‘ಪಬ್ಲಿಕ್ ಕ್ಯಾರಿಯರ್’, ಸ್ವಂತ ಸರಕು ಹೊರುವ ‘ಪ್ರೈವೇಟ್ ಕ್ಯಾರಿಯರ್’ ಎಂಬ ಭೇದವನ್ನು ಮಾಡಿದ್ದು 1939ರ ಮೋಟಾರು ವಾಹನ ಕಾಯ್ದೆ. 1988ರ ಕಾಯ್ದೆ ಆ ಭೇದವನ್ನು ಕೈಬಿಟ್ಟಿತಾದರೂ ಪೇಂಟರುಗಳು ಅಭ್ಯಾಸಬಲದಿಂದ ಮುಂದೆಯೂ ಅದನ್ನೇ ಬರೆಯುತ್ತ ಬಂದುದರಿಂದ ಈ ಆಕರದಿಂದ ಯಾವ ತೀರ್ಮಾನಕ್ಕೂ ಬರಲಾಗದು. ಶಾಸ್ತ್ರಕ್ಕೆ ಇದೇ ಅನುಕೂಲ. ನಂಬರ್ ಪ್ಲೇಟಿನ ‘ಎಂವೈ’ ಮೈಸೂರು ರಾಜ್ಯದ ಕಾಲವನ್ನೂ, ‘ಕೆಎ-17’ ದಾವಣಗೆರೆಯ ಆರ್‌ಟಿಒ ಕಚೇರಿಯನ್ನೂ ಸೂಚಿಸುತ್ತವೆ. ಗಾಜಿನ ಮೇಲೆ ಉಕ್ಕಡಗಾತ್ರಿಯ ಅಜ್ಜಯ್ಯನ ಹೆಸರಿದ್ದರೆ ಗಾಡಿ ಹರಿಹರದ ಸೀಮೆಯಲ್ಲಿ ಓಡಾಡಿದ್ದೆಂದು ಹೇಳಬಹುದಾದರೂ, ಆ ಹೆಸರು ಎಲ್ಲ ಕಾಲದ ಎಲ್ಲ ಗಾಡಿಗಳ ಮೇಲೂ ಇರುವುದರಿಂದ ಕಾಲನಿರ್ಣಯಕ್ಕೆ ಸಹಾಯವಾಗದು.

ಹೆಚ್ಚು ನಂಬಬಹುದಾದ ಸಾಕ್ಷ್ಯ ಬೋಲ್ಟುಗಳದು. ವಿಲ್ಲೀಸ್ ವಂಶದ ಬೋಲ್ಟುಗಳು ಇಂಚಿನ ಲೆಕ್ಕದವು, ಮುಂದೆ ಬಂದ ಡೀಸೆಲ್ ಎಂಜಿನ್ನಿನವು ಮಿಲಿಮೀಟರಿನವು. ಅರ್ಧ ಇಂಚಿನ ತಲೆ 12.7 ಮಿ.ಮೀ. ಆಗಿರುವುದರಿಂದ ಅದಕ್ಕೆ 13ರ ಸ್ಪ್ಯಾನರು ಸಡಿಲವಾಗಿ ಕೂರುತ್ತದೆ. ಅವಸರದಲ್ಲಿ ಅದನ್ನೇ ಹಾಕಿ ತಿರುಗಿಸಿದಾಗಲೆಲ್ಲ ಮೂಲೆಗಳು ಒಂದಿಷ್ಟು ಸವೆದು ಕೊನೆಗೆ ತಲೆ ದುಂಡಗಾಗುತ್ತದೆ. ಹೀಗೆ ದುಂಡಗಾದ ಬೋಲ್ಟು ಯಾವ ಕಾಲದ್ದೆಂದು ಹೇಳದಿದ್ದರೂ, ಮಳೆ ಬರುವ ಮೊದಲು ಭತ್ತ ಸಾಗಿಸಬೇಕಾಗಿದ್ದ ಯಾರೋ ಒಬ್ಬರ ಅವಸರವನ್ನಂತೂ ಹೇಳುತ್ತದೆ.

4. ಪ್ರಕ್ಷಿಪ್ತ ಸಮಸ್ಯೆ

‘ಲೋ’ ಪ್ರತಿಯ ಚಾಸಿ ಅಮೆರಿಕದ ವಂಶದ್ದು. ಅದರ ಪೆಟ್ರೋಲ್ ಎಂಜಿನ್ನನ್ನು ಎಂದೋ ಇಳಿಸಿ ಡೀಸೆಲ್ ಎಂಜಿನ್ ಕೂರಿಸಲಾಗಿದೆ. 1980ರ ದಶಕದಲ್ಲಿ ಮಹೀಂದ್ರ ಕಂಪನಿಯೇ ತನ್ನ ಜೀಪುಗಳಿಗೆ ಫ್ರಾನ್ಸಿನ ಪೆಜೊ ವಿನ್ಯಾಸದ ಡೀಸೆಲ್ ಎಂಜಿನ್ ಹಾಕತೊಡಗಿದ ಮೇಲೆ, ಪೆಟ್ರೋಲ್ ಕುಡಿಸಲಾರದ ಹಳ್ಳಿಗಳಲ್ಲಿ ಹೀಗೆ ಮಾಡುವುದು ಸಹಜವಾಗಿತ್ತು. ರೇಡಿಯೇಟರು ಟ್ರ್ಯಾಕ್ಟರಿನದು, ಪ್ರೊಪೆಲ್ಲರ್ ಶಾಫ್ಟು ಕತ್ತರಿಸಿ ಬೆಸುಗೆ ಹಾಕಿದ್ದು, ಬುಷ್ಷುಗಳು ಲೇತಿನಲ್ಲಿ ಕಡೆದವು, ಹಿಂದಿನ ಹಲಗೆಗಳು ಊರಿನ ಬಡಗಿಯ ಕೆಲಸ. ವಿಂಟೇಜ್ ಶಾಸ್ತ್ರದ ಪಂಡಿತರಿಗೆ ಇದು ಪಾಠಭ್ರಷ್ಟತೆಯ ಪರಮಾವಧಿ. ಚಾಸಿಯ ನಂಬರೂ ಎಂಜಿನ್ನಿನ ನಂಬರೂ ಕಾರ್ಖಾನೆಯ ದಾಖಲೆಯಂತೆ ತಾಳೆಯಾಗಬೇಕೆಂಬ ‘ಮ್ಯಾಚಿಂಗ್ ನಂಬರ್’ ಸಿದ್ಧಾಂತದ ಪ್ರಕಾರ ಈ ಗಾಡಿಗೆ ಜಾತಕವೇ ಕೂಡಿಬರುವುದಿಲ್ಲ.

ಈ ಸಿದ್ಧಾಂತಕ್ಕೆ ಸ್ಥಳೀಯವಾದ ಒಂದು ಅಡ್ಡಿಯಿದೆ. ಹೊಯ್ಸಳ ದಂಡನಾಯಕ ಪೋಲಾಳ್ವ ಸುಮಾರು 1224ರಲ್ಲಿ ಕಟ್ಟಿಸಿದ ಹರಿಹರದ ಗುಡಿಯಲ್ಲಿ ಅರ್ಧ ಹರಿ ಅರ್ಧ ಹರನಾಗಿ ನಿಂತ ದೇವರಿಗೆ ಎಂಟು ಶತಮಾನಗಳಿಂದ ಜನ ಕೈಮುಗಿಯುತ್ತಿದ್ದಾರೆ; ಎರಡು ಮೂಲದ ಅಂಗಗಳು ಒಂದೇ ಮೈಯಲ್ಲಿ ಕೂಡಿದ್ದನ್ನು ಈ ಸೀಮೆ ಕಲಬೆರಕೆಯೆಂದು ಬಗೆದಿಲ್ಲ. ಅದೇ ಸೀಮೆಯ ಕಣಕ್ಕೆ ಭಾನುವಾರ ಕಾರಿನಲ್ಲಿ ಬಂದಿಳಿಯುವ ತಜ್ಞನೊಬ್ಬ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ‘ಒರಿಜಿನಲ್ ಅಲ್ಲ’ ಎಂದು ಎರಡೇ ಮಾತಿನಲ್ಲಿ ಬೆಲೆಯನ್ನು ಗುಜರಿಯ ತೂಕಕ್ಕೆ ಇಳಿಸುತ್ತಾನೆ. ಅದೇ ಗಾಡಿ ನಗರ ಸೇರಿ, ಕ್ರೋಮ್ ಬಳಿಸಿಕೊಂಡು, ಹೊರಗಿನಿಂದ ತರಿಸಿದ ಎಂಜಿನ್ ಹೊತ್ತು ‘ಒರಿಜಿನಲ್’ ಆಗಿ ಮಾರಾಟವಾಗುವಾಗ ಆ ಎಂಜಿನ್ ಪ್ರಕ್ಷಿಪ್ತವಲ್ಲವೇ ಎಂದು ಯಾರೂ ಕೇಳುವುದಿಲ್ಲ. ದುಡ್ಡಿದ್ದವನು ಬದಲಾಯಿಸಿದರೆ ಜೀರ್ಣೋದ್ಧಾರ, ದುಡ್ಡಿಲ್ಲದವನು ಬದಲಾಯಿಸಿದರೆ ಪಾಠಭ್ರಷ್ಟತೆ: ಈ ಶಾಸ್ತ್ರದ ತಿರುಳೆಲ್ಲ ಇಷ್ಟೇ. ಉಳಿದ ಪರಿಭಾಷೆ ಇದನ್ನು ಮುಚ್ಚಿಡಲು ಹೊದಿಸಿದ ತಾಡಪತ್ರಿ.

5. ಜೀರ್ಣೋದ್ಧಾರ

ಈ ಅಧ್ಯಾಯದಲ್ಲಿ ಪರಿಭಾಷೆಯನ್ನು ಬಳಸಿಲ್ಲ, ಏಕೆಂದರೆ ಇಲ್ಲಿ ಹೇಳುವುದು ಕೆಲಸದ ವಿಷಯ. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಸೆಲ್ಫ್ ಹೊಡೆದು ತಿರುಗಿಸಬಾರದು. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಕಚ್ಚಿಕೊಂಡಿರುವುದರಿಂದ ಮೇಲಿನಿಂದ ಎಣ್ಣೆ ಬಿಟ್ಟು, ಕೆಲವು ದಿನ ಇಳಿಯಲು ಕೊಟ್ಟು, ಆಮೇಲೆ ಕ್ರ್ಯಾಂಕನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವೇ ಆಡಿಸಬೇಕು. ಸಿಲಿಂಡರು ಸವೆದು ಅಂಡಾಕಾರವಾಗಿದ್ದರೆ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು, ಕ್ರ್ಯಾಂಕನ್ನು ಉಜ್ಜಿಸಿ ಅದಕ್ಕೆ ತಕ್ಕ ಬೇರಿಂಗ್ ಕೂರಿಸಬೇಕು. ಹಳೆಯ ಪೆಟ್ರೋಲ್ ಎಂಜಿನ್ನನ್ನೇ ಉಳಿಸುವುದಾದರೆ ಇನ್ನೊಂದು ಎಚ್ಚರ ಬೇಕು. ಪೆಟ್ರೋಲಿನಲ್ಲಿದ್ದ ಸೀಸ ವಾಲ್ವಿನ ಸೀಟುಗಳನ್ನು ಸವೆಯದಂತೆ ಕಾಯುತ್ತಿತ್ತು. ದೇಶದಾದ್ಯಂತ ಸೀಸದ ಪೆಟ್ರೋಲು ನಿಂತದ್ದು 2000ದ ಫೆಬ್ರುವರಿಯಲ್ಲಿ, ಆದ್ದರಿಂದ ಮೆದು ಸೀಟುಗಳಿದ್ದರೆ ಗಟ್ಟಿ ಉಕ್ಕಿನವನ್ನು ಹೊಡೆಸಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲು ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುವುದರಿಂದ ಪೈಪುಗಳನ್ನೂ ಪಂಪಿನ ಡಯಾಫ್ರಮನ್ನೂ ಬದಲಾಯಿಸಬೇಕು.

ಹಿಂದಿನ ತೊಟ್ಟಿಯ ತಗಡು ದಾವಣಗೆರೆ ಸೀಮೆಯಲ್ಲಿ ಬೇಗ ತೂತಾಗುವುದಕ್ಕೆ ಮಳೆಗಿಂತ ದೊಡ್ಡ ಕಾರಣ ರಸಗೊಬ್ಬರ. ಭದ್ರಾ ನಾಲೆಯ ಅಚ್ಚುಕಟ್ಟಿನ ಗದ್ದೆಗಳಿಗೆ ಸಾಗಿಸಿದ ಚೀಲಗಳಿಂದ ಉದುರಿದ ಗೊಬ್ಬರ ತೇವವನ್ನು ಹಿಡಿದಿಟ್ಟುಕೊಂಡು ಲೋಹವನ್ನು ತಿನ್ನುತ್ತದೆ. ಅದರ ಉಪ್ಪನ್ನು ಪೂರ್ತಿ ತೊಳೆಯದೆ ಬಣ್ಣ ಹೊಡೆದರೆ ತುಕ್ಕು ಒಳಗಿನಿಂದಲೇ ಏಳುತ್ತದೆ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯದೆ ಪುಟ್ಟಿ ಮೆತ್ತಿದರೆ ಒಂದು ಮಳೆಗಾಲಕ್ಕೆ ಬಣ್ಣ ಬಯಲಾಗುತ್ತದೆ. ಕುಗ್ಗಿದ ಸ್ಪ್ರಿಂಗ್ ಪಟ್ಟಿಗಳನ್ನು ಕುಲುಮೆಯಲ್ಲಿ ಮತ್ತೆ ಬಾಗಿಸಿ ಹದ ಹಾಕಬಲ್ಲವರು ಸಿಕ್ಕರೆ ಪುಣ್ಯ.

6. ಕಾನೂನು

2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಅಧ್ಯಾಯವನ್ನು ಸೇರಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು; ಮೂಲ ರೂಪದಲ್ಲೇ ಇದ್ದು ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಹೇಳಿಕೊಳ್ಳುವಂಥ ಮಾರ್ಪಾಡು ಆಗಿರಬಾರದು; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ; ನಂಬರಿನಲ್ಲಿ ‘ವಿಎ’ ಎಂಬ ಗುರುತು; ರ‍್ಯಾಲಿ, ಪ್ರದರ್ಶನ, ಸಂಶೋಧನೆ, ರಿಪೇರಿ ಮತ್ತು ಇಂಧನ ತುಂಬಿಸುವುದಕ್ಕಷ್ಟೇ ರಸ್ತೆಗಿಳಿಯಬೇಕು. ಹೊರೆ ಹೊರಲೆಂದೇ ಹುಟ್ಟಿದ ಗಾಡಿಯು ಈ ಪಂಕ್ತಿಯಲ್ಲಿ ಕೂರಲು ಬಯಸಿದರೆ ಹೊರೆಯನ್ನು ಬಿಡಬೇಕು, ಜೊತೆಗೆ ತನ್ನನ್ನು ಇಷ್ಟು ವರ್ಷ ಬದುಕಿಸಿದ ರಿಪೇರಿಗಳನ್ನೂ ಬಿಡಬೇಕು. ಇನ್ನೊಂದು ಕಡೆ ಅದೇ ವರ್ಷ ಪ್ರಕಟವಾದ ಗುಜರಿ ನೀತಿಯು 15 ವರ್ಷ ದಾಟಿದ ಸರಕು ಗಾಡಿಗಳನ್ನು ಫಿಟ್‌ನೆಸ್ ಪರೀಕ್ಷೆಯ ಮುಂದೆ ನಿಲ್ಲಿಸಿ, ಪಾಸಾಗದವನ್ನು ಗುಜರಿಗೆ ಕಳಿಸಬೇಕೆನ್ನುತ್ತದೆ. ಹೊಗೆ ಕಾರುವ, ಬ್ರೇಕ್ ಹಿಡಿಯದ ಗಾಡಿಗಳು ರಸ್ತೆಯಿಂದ ಹೋಗಲಿ ಎಂಬುದು ನ್ಯಾಯವೇ. ಆದರೆ ಮುದಿಗಾಡಿಗೆ ಈ ಲೋಕದಲ್ಲಿ ಎರಡೇ ಗತಿ, ಒಂದೋ ವಿಗ್ರಹವಾಗಬೇಕು ಇಲ್ಲವೇ ತೂಕದ ಕಬ್ಬಿಣವಾಗಬೇಕು ಎಂದಾದಾಗ, ಚೆನ್ನಾಗಿ ನೋಡಿಕೊಂಡು ದುಡಿಸುತ್ತಿದ್ದ ಗಾಡಿಗೂ ಅದನ್ನು ನೋಡಿಕೊಳ್ಳುತ್ತಿದ್ದ ಕೈಗಳಿಗೂ ಜಾಗವೇ ಉಳಿಯುವುದಿಲ್ಲ.

7. ಉಪಸಂಹಾರ

ಆ ಕೈಗಳು ಎಲ್ಲಿಂದ ಬಂದವು ಎಂಬುದನ್ನು ಯಾವ ವಿಂಟೇಜ್ ಪಂಡಿತನೂ ಕೇಳಿಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತುಗಳನ್ನು ಮಾಡಿ ಕೊಟ್ಟಿತು. ಒಂದು ಊರಿನಲ್ಲಿ ಲೇತು ತಯಾರಾಗುವುದೆಂದರೆ ಅಳತೆ ಹಿಡಿಯುವ, ಉಕ್ಕಿನ ಹದ ತಿಳಿದ, ನಕ್ಷೆ ಓದಬಲ್ಲ ಜನ ಆ ಊರಿನಲ್ಲಿ ತಯಾರಾಗುವುದು. ಸಿಗದ ಬುಷ್ಷನ್ನು, ಮುರಿದ ಶಾಫ್ಟನ್ನು, ಕಂಪನಿಯೇ ಮರೆತ ಗೇರನ್ನು ಮತ್ತೆ ಕಡೆದು ಕೊಡುವುದು ಇಂಥ ಸೀಮೆಯಲ್ಲಿ ಮಾತ್ರ ಸಾಧ್ಯ. ಈ ಶತಮಾನದ ಆರಂಭದ ಹೊತ್ತಿಗೆ ಆ ಕಾರ್ಖಾನೆಯ ಬಾಗಿಲು ಮುಚ್ಚಿತು, ದಾವಣಗೆರೆಯ ಹತ್ತಿ ಗಿರಣಿಗಳು ಅದಕ್ಕೂ ಮೊದಲೇ ಒಂದೊಂದಾಗಿ ನಿಂತಿದ್ದವು. ಒಬ್ಬ ಟರ್ನರ್ ಕೆಲಸ ಬಿಟ್ಟು ಮನೆ ಸೇರಿದರೆ ಅವನ ಬೆರಳಿಗೆ ಗೊತ್ತಿದ್ದ ಅಳತೆ ಯಾವ ದಾಖಲೆಯಲ್ಲೂ ಉಳಿಯುವುದಿಲ್ಲ. ಪ್ರದರ್ಶನದ ಗಾಡಿಯ ಪಕ್ಕದ ಫಲಕದಲ್ಲಿ ತಯಾರಿಸಿದ ಕಂಪನಿ, ವರ್ಷ, ಈಗಿನ ಮಾಲೀಕ ಎಲ್ಲರ ಹೆಸರೂ ಇರುತ್ತದೆ. ಅಷ್ಟು ವರ್ಷ ಅದನ್ನು ಓಡುವಂತೆ ಇಟ್ಟವರದು ಇರುವುದಿಲ್ಲ. ಇದು ಮರೆವಲ್ಲ, ಅವಮಾನ.

ಈಗಿನ ಕಾಯ್ದೆಯ ಪ್ರಕಾರ ಎಂಜಿನ್ ಬದಲಾದರೆ ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು. ಅದರ ಪಕ್ಕದಲ್ಲೇ, ಬದಲಾಯಿಸಿದ ಮೇಸ್ತ್ರಿ ಯಾರು, ಬಿಡಿಭಾಗ ಕಡೆದ ಲೇತು ಯಾವ ಊರಿನದು ಎಂದು ಬರೆಯಲು ಇನ್ನೊಂದು ಅಂಕಣವಿರಬೇಕೆಂದು ಈ ಪ್ರಬಂಧ ಸೂಚಿಸುತ್ತದೆ. ಗಾಡಿ ಕೊಳ್ಳಲು ಬರುವವರು ಬಾನೆಟ್ ಎತ್ತುವ ಮೊದಲು ಈ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆದಿಟ್ಟುಕೊಂಡು, ಸಿಕ್ಕ ಹೆಸರುಗಳನ್ನು ಜೀರ್ಣೋದ್ಧಾರವಾದ ಗಾಡಿಯ ಬಾಗಿಲ ಒಳಮೈಮೇಲೆ ಬಣ್ಣದಲ್ಲಿ ಬರೆಸಬೇಕು. ಇದಕ್ಕೆ ಶುಲ್ಕವಿಲ್ಲ, ಅರ್ಜಿಯ ನಮೂನೆಯಿಲ್ಲ, ಪಾರಿಭಾಷಿಕ ಪದವೂ ಬೇಕಾಗಿಲ್ಲ. ಆದ್ದರಿಂದ ವಿದ್ವತ್ ವಲಯದಲ್ಲಿ ಇದು ಅಂಗೀಕಾರವಾಗುವ ಸಂಭವ ಕಡಿಮೆ. ಪಿ.ಬಿ. ರಸ್ತೆಯ ಪೇಂಟರೊಬ್ಬರಿಗೆ ಇದು ಅರ್ಧ ಗಂಟೆಯ ಕೆಲಸ.