ಕಾಲಿಲ್ಲದ ಪರೀಕ್ಷಕರಿಗೆ

ಕೋಟನೂರ, ಕಲಬುರಗಿ

ಪೊಲೀಸರು ಗುಂಡು ಹಾರಿಸಲು ಕಲಿಯುವ ಚಾಂದಮಾರಿ ಮೈದಾನದ ಕೊನೆಯಲ್ಲಿ ಮಣ್ಣಿನ ದಿಬ್ಬಕ್ಕೆ ಬೆನ್ನು ಕೊಟ್ಟು ನಿಂತಿರುವ ಶ್ರೀ ಗುರಿಹಲಗೆ ಮಹಾಶಯರ ಸನ್ನಿಧಾನಕ್ಕೆ,

ನಿವೃತ್ತ ಶಾಲಾ ಮಾಸ್ತರನೊಬ್ಬನ ಅನಂತ ವಂದನೆಗಳು.

ಈ ಪತ್ರವನ್ನು ಗೃಹಸಚಿವರಿಗೋ ಪೊಲೀಸ್ ಮಹಾನಿರ್ದೇಶಕರಿಗೋ ಬರೆಯುವುದನ್ನು ಬಿಟ್ಟು, ಮರದ ಚೌಕಟ್ಟಿಗೆ ಕಾಗದ ಅಂಟಿಸಿದ ಆಕೃತಿಯಾದ ತಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಪೊಲೀಸನಿಗೆ ಬಂದೂಕು ಕಲಿಸುವ ಉಸ್ತಾದನು ಕಲಿಯುವವನ ಬೆನ್ನ ಹಿಂದೆ ನಿಂತಿರುತ್ತಾನೆ. ಆ ಉಸ್ತಾದನನ್ನು ಅಲ್ಲಿಗೆ ನಿಯೋಜಿಸಿದ ಅಧಿಕಾರಿಯು ಅವನಿಗಿಂತಲೂ ಹಿಂದೆ, ಶಾಮಿಯಾನದ ನೆರಳಿನಲ್ಲಿ, ಚಹದ ಬಟ್ಟಲಿನ ಸಮೀಪದಲ್ಲಿ ಆಸೀನನಾಗಿರುತ್ತಾನೆ. ನಿಯೋಜನೆಯ ನಿಯಮಗಳನ್ನು ರಚಿಸಿದವರು ಅದಕ್ಕೂ ಹಿಂದೆ, ಬೆಂಗಳೂರಿನಲ್ಲಿರುತ್ತಾರೆ. ಕಲಿಸಿದ ವಿದ್ಯೆಯು ಯಾವ ದಿಕ್ಕಿಗೆ ಹಾರುವುದೋ ಆ ದಿಕ್ಕಿನಲ್ಲಿ ಮುಖವೊಡ್ಡಿ ನಿಂತವರು ಇಡೀ ಇಲಾಖೆಯಲ್ಲಿ ತಾವೊಬ್ಬರೇ. ತಮ್ಮ ತರುವಾಯ ನಮ್ಮಂಥ ಪ್ರಜೆಗಳು. ಆದುದರಿಂದ ಬಂದೂಕು ಬೋಧಕನ ಅರ್ಹತೆ ಏನಿರತಕ್ಕದ್ದು ಎಂಬ ವಿಷಯದಲ್ಲಿ ಸಾಕ್ಷ್ಯ ನುಡಿಯುವ ಅಧಿಕಾರವು ನಮ್ಮಿಬ್ಬರಿಗೇ ಉಳಿದವರಿಗಿಂತ ಒಂದು ತೂಕ ಹೆಚ್ಚೆಂದು ಭಾವಿಸಿ ಲೇಖನಿಯನ್ನು ಹಿಡಿದಿದ್ದೇನೆ.

ಜೀವಮಾನವೆಲ್ಲ ಅಕ್ಷರ ಕಲಿಸಿದವನು ನಾನು. ಒಂದನೆಯ ಇಯತ್ತೆಯ ಕೂಸಿಗೆ ‘ಅ’ ಬರೆಯಿಸಬೇಕಾದರೆ ಈಗ ಡಿ.ಎಡ್. ಆಗಿರಬೇಕು, ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಆಮೇಲೆ ಸಿಇಟಿ ಬರೆಯಬೇಕು, ಅದಾದ ಮೇಲೆ ಮೂಲ ದಾಖಲೆಗಳ ಪರಿಶೀಲನೆಗೆಂದು ಜೆರಾಕ್ಸಿನ ಕಟ್ಟು ಹೊತ್ತು ಸಾಲಿನಲ್ಲಿ ನಿಲ್ಲಬೇಕು. ‘ಅ’ ಎಂಬುದು ಕೈತಪ್ಪಿದರೆ ಹೆಚ್ಚೆಂದರೆ ಹಲಗೆಯ ಮೇಲೆ ಸೊಟ್ಟಗಾಗುತ್ತದೆ. ಬೀದಿಯಲ್ಲಿ ಹೋಗುವ ಯಾರಿಗೂ ತಗಲುವುದಿಲ್ಲ. ಪೊಲೀಸ್ ಕೆಲಸಕ್ಕೆ ಸೇರುವ ಹುಡುಗನ ಎತ್ತರ 168 ಸೆಂಟಿಮೀಟರ್ ಇದೆಯೇ, ಉಸಿರೆಳೆದಾಗ ಎದೆ ಐದು ಸೆಂಟಿಮೀಟರ್ ಉಬ್ಬಿ 86 ಮುಟ್ಟುವುದೇ, 1600 ಮೀಟರ್ ಓಡಬಲ್ಲನೇ ಎಂದು ಟೇಪು ಗಡಿಯಾರಗಳನ್ನು ಹಿಡಿದು ನೋಡುತ್ತಾರೆ. ಇವನ ಕೈಗೆ ಕೋವಿ ಕೊಟ್ಟು, ಹಿಡಿಯುವುದು ಹೀಗೆ, ಬಿಡುವುದು ಹೀಗೆ ಎಂದು ಹೇಳತಕ್ಕವನಲ್ಲಿ ಅಳೆಯಬೇಕಾದುದು ಯಾವುದು? ಅವನ ಎದೆಯೇ, ಸೇವಾವಧಿಯೇ, ಅಥವಾ ಮೇಲಧಿಕಾರಿಗೆ ಅವನ ಮೇಲಿರುವ ಸಿಟ್ಟಿನ ಪ್ರಮಾಣವೇ?

ಕೊನೆಯದನ್ನು ಹಾಸ್ಯಕ್ಕೆಂದು ಬರೆದೆನೆಂದು ತಾವು ತಿಳಿಯಬಾರದು. ಪೊಲೀಸ್ ತರಬೇತಿಯ ಕುರಿತು ಭಾರತ ಸರ್ಕಾರವು ಪ್ರೊಫೆಸರ್ ಎಂ. ಎಸ್. ಗೋರೆಯವರ ಅಧ್ಯಕ್ಷತೆಯಲ್ಲಿ 1971 ರಲ್ಲಿ ಸಮಿತಿಯೊಂದನ್ನು ನೇಮಿಸಿತು. 1973 ರಲ್ಲಿ ವರದಿ ಬಂತು. ಅದಕ್ಕಿಂತ ಮೊದಲೂ ಅದರ ನಂತರವೂ ಈ ವಿಷಯವನ್ನು ಬಲ್ಲವರೆಲ್ಲರೂ ಹೇಳುತ್ತ ಬಂದ ಮಾತು ಒಂದೇ: ತರಬೇತಿ ಶಾಲೆಗೆ ವರ್ಗವಾಗುವುದನ್ನು ನಮ್ಮ ಪೊಲೀಸರು ಶಿಕ್ಷೆಯೆಂದು ಎಣಿಸುತ್ತಾರೆ. ನಾಗನಹಳ್ಳಿಯಲ್ಲಿ ಪೊಲೀಸ್ ತರಬೇತಿ ಮಹಾವಿದ್ಯಾಲಯವೂ ತಾಜಸುಲ್ತಾನಪುರದಲ್ಲಿ ಮೀಸಲು ಪಡೆಯ ಆರನೆಯ ಬೆಟಾಲಿಯನ್ನೂ ಇರುವ ನಗರದವನಾದ ನನಗೆ, ವಿದ್ಯಾದಾನವು ದಂಡನೆಯ ಒಂದು ಪ್ರಕಾರವೆಂದು ಬಗೆಯುವ ಈ ಪದ್ಧತಿಯಲ್ಲಿ ಆಶ್ಚರ್ಯವೇನೂ ಕಾಣದು. ನಮ್ಮ ಶಾಲೆಗಳಲ್ಲಿ ಕೂಡ ಅದು ಹಾಗೆಯೇ ಇತ್ತು, ಶಿಕ್ಷೆ ಮಾತ್ರ ಹುಡುಗರಿಗೆ. ಗಡಿ ಭದ್ರತಾ ಪಡೆಯು ಇಂದೂರಿನಲ್ಲಿ ನಡೆಸುವ ಆಯುಧಶಾಲೆಯಲ್ಲಿ ಕಲಿತು, ಆ ವಿದ್ಯೆಯನ್ನೇ ವ್ರತವೆಂದು ಹಿಡಿದ ಉಸ್ತಾದರೂ ಇದ್ದಾರೆಂಬುದನ್ನು ನಾನು ಬಲ್ಲೆ. ಅಂಥವರಿಗೆ ಈ ಪತ್ರದಲ್ಲಿ ನನ್ನ ನಮಸ್ಕಾರವಲ್ಲದೆ ಬೇರೇನೂ ಇಲ್ಲ.

ಶಿಷ್ಯರನ್ನು ನೋಡಿ ಗುರುವನ್ನು ಅಳೆಯುವುದು ಹಿಂದಿನಿಂದ ಬಂದ ರೂಢಿ. 2022 ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಖಲೀಲಾಬಾದ್ ಠಾಣೆಗೆ ತಪಾಸಣೆಗೆ ಬಂದ ಹಿರಿಯ ಅಧಿಕಾರಿಯ ಎದುರಿಗೆ ಸಬ್ ಇನ್‌ಸ್ಪೆಕ್ಟರನೊಬ್ಬನು ಬಂದೂಕಿನ ನಳಿಗೆಯ ಬಾಯಿಯಿಂದ ಗುಂಡನ್ನು ಒಳಗೆ ಇಳಿಬಿಟ್ಟನು. ದೇಶವೆಲ್ಲ ನಕ್ಕಿತು, ನಾನು ನಗಲಿಲ್ಲ. ನಮ್ಮ ಕಲಬುರಗಿಯ ಕೋಟೆಯಲ್ಲಿ ಬಾರಾ ಗಜಿ ತೋಪು ಎಂಬ 29 ಅಡಿ ಉದ್ದದ ಫಿರಂಗಿಯೊಂದು ಮಲಗಿದೆ. ಅದಕ್ಕೆ ಮದ್ದುಗುಂಡು ತುಂಬುತ್ತಿದ್ದುದು ಬಾಯಿಯಿಂದಲೇ. ಆ ಸಬ್ ಇನ್‌ಸ್ಪೆಕ್ಟರನಿಗೆ ಕಲಿಸಿದ ಉಸ್ತಾದನು ಬಹಮನಿ ಸುಲ್ತಾನರ ಕಾಲದಲ್ಲಿ ತರಬೇತಿ ಹೊಂದಿ, ಆಮೇಲೆ ಪುನಶ್ಚೇತನ ಶಿಬಿರಕ್ಕೆ ಹೋಗಲು ರಜೆ ದೊರೆಯದವನಿರಬೇಕೆಂದು ಸಮಾಧಾನ ಮಾಡಿಕೊಂಡೆನು. ಅದೇ ಉತ್ತರ ಪ್ರದೇಶದ ಸಂಭಲ್ ಎಂಬಲ್ಲಿ 2018 ರ ಅಕ್ಟೋಬರಿನಲ್ಲಿ, ದುಷ್ಕರ್ಮಿಗಳನ್ನು ಸುತ್ತುಗಟ್ಟಿದ ಹೊತ್ತಿಗೆ ಸರಿಯಾಗಿ ಆಯುಧವು ಕೈಕೊಡಲಾಗಿ, ಪೊಲೀಸರು ಬಾಯಿಂದಲೇ ‘ಠಾಯ್ ಠಾಯ್’ ಎಂದು ಕೂಗಿದರು. 2019 ರ ಆಗಸ್ಟಿನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿಯೊಬ್ಬರ ಅಂತ್ಯಸಂಸ್ಕಾರಕ್ಕೆ ಆಕಾಶದತ್ತ ಎತ್ತಿದ ಸರ್ಕಾರಿ ಬಂದೂಕುಗಳಲ್ಲಿ ಒಂದೂ ಸಿಡಿಯಲಿಲ್ಲ. ಮುಂದುವರಿದ ದೇಶಗಳಲ್ಲಿ ಹೀಗಾಗದೆಂದು ಯಾರೂ ಹೇಳದಿರಲಿ: 2004 ರಲ್ಲಿ ಅಮೆರಿಕದ ಓರ್ಲಾಂಡೊ ನಗರದಲ್ಲಿ ಮಾದಕದ್ರವ್ಯ ನಿಗ್ರಹ ದಳದ ಅಧಿಕಾರಿಯೊಬ್ಬನು ಮಕ್ಕಳ ಮುಂದೆ ಪಿಸ್ತೂಲು ಹಿಡಿದು ಸುರಕ್ಷತೆಯ ಪಾಠ ಹೇಳುತ್ತ ಹೇಳುತ್ತ ತನ್ನ ತೊಡೆಗೇ ಗುಂಡು ಹಾರಿಸಿಕೊಂಡನು. ಪಾಠವು ಅಂದು ಆ ಮಕ್ಕಳಿಗೆ ಮನವರಿಕೆಯಾದಷ್ಟು ಬೇರಾವ ಬೋಧಕನಿಂದಲೂ ಆಗಿರಲಾರದು.

ನಮ್ಮ ಓಣಿಯ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಕಾನ್‌ಸ್ಟೇಬಲ್ ತರಬೇತಿ ಮುಗಿಸಿ ಊರಿಗೆ ಬಂದವನು, ನನ್ನ ಹಳೆಯ ವಿದ್ಯಾರ್ಥಿಯಾದುದರಿಂದ ಪೇಢೆಯ ಡಬ್ಬಿ ಹಿಡಿದು ಮನೆಗೆ ಬಂದಿದ್ದನು. ಅಂಗಿಯ ಕಾಲರನ್ನು ಸರಿಸಿ ಬಲ ಭುಜವನ್ನು ತೋರಿಸಿದನು; .303 ಬಂದೂಕಿನ ಹಿಮ್ಮಡಿ ಒದ್ದ ಜಾಗವು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. “ಏನೇನು ಕಲಿತೆಪ್ಪಾ?” ಎಂದು ಕೇಳಿದೆನು. “ಮಾಸ್ತರ್ರ, ಖಾಲಿ ಕೇಸ ಎಣಿಸಿ ವಾಪಸ ಕೊಡೋದು ಬಾಳ ಚಂದಾಗಿ ಕಲ್ತೀನ್ರಿ” ಎಂದನು. ನಡೆದುದಿಷ್ಟೇ: ಆ ದಿನ ಹಾರಿಸಿದ ತೋಟಾಗಳ ಹಿತ್ತಾಳೆಯ ಖಾಲಿ ಕೊಳವೆಗಳಲ್ಲಿ ಒಂದು ಕಡಿಮೆಯಾಗಿ, ತಂಡಕ್ಕೆ ತಂಡವೇ ಹುಲ್ಲಿನ ಮೇಲೆ ಮೊಣಕಾಲೂರಿ ಸಂಜೆಯವರೆಗೆ ಹುಡುಕಿತಂತೆ, ಸಿಕ್ಕಾಗ ಉಸ್ತಾದರ ಕಣ್ಣಲ್ಲಿ ನೀರು ಬಂತಂತೆ. ಗುಂಡು ಎಲ್ಲಿಗೆ ಹೋಯಿತೆಂದು ಯಾರಾದರೂ ಕೇಳಿದರೇ ಎಂದೆನು. ಅವನು ಪೇಢೆಯ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದನು.

ಇನ್ನು ತಮ್ಮ ಶರೀರದ ವಿಷಯಕ್ಕೆ ಬರುತ್ತೇನೆ. ಅಂಗವೈಕಲ್ಯವನ್ನು ಎತ್ತಿ ಆಡುವುದು ಶಿಷ್ಟಾಚಾರವಲ್ಲವಾದರೂ ಪ್ರಸಂಗವು ಅದನ್ನು ಬೇಡುತ್ತಿದೆ. ನಾನು ಕಂಡ ಗುರಿಹಲಗೆಗಳಲ್ಲಿ ತಲೆಯಿತ್ತು, ಭುಜಗಳಿದ್ದುವು, ಎದೆಯ ಮೇಲೆ ಸುತ್ತು ಸುತ್ತಾಗಿ ಅಂಕಗಳ ವರ್ತುಲಗಳಿದ್ದುವು. ಸೊಂಟದ ಕೆಳಗೆ ಏನೂ ಇರಲಿಲ್ಲ. ಎದೆಗೆ ತಗುಲಿದರೆ ಪೂರ್ಣಾಂಕ, ಅಂಚಿಗೆ ತಗುಲಿದರೆ ಅರೆ ಅಂಕ, ಕಾಲಿಗೆ ತಗುಲಲು ಕಾಲೇ ಇಲ್ಲ. ಆದರೆ ನಮ್ಮ ಪತ್ರಿಕೆಗಳನ್ನು ಓದಿ ನೋಡಿ. ಆರೋಪಿಯನ್ನು ಮಹಜರಿಗೆಂದು ನಗರದ ಹೊರವಲಯಕ್ಕೆ ಕರೆದೊಯ್ಯಲಾಗಿ, ಅವನು ಸಿಬ್ಬಂದಿಯ ಮೇಲೆ ಹಲ್ಲೆಗೈದು ಓಡತೊಡಗಲಾಗಿ, ಪಿಎಸ್‌ಐಯವರು ಮೊದಲು ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಲಾಗಿ, ಅವನು ಶರಣಾಗದಿರಲಾಗಿ, ಆತ್ಮರಕ್ಷಣಾರ್ಥವಾಗಿ ಹಾರಿಸಿದ ಎರಡನೆಯ ಗುಂಡು ಮೊಣಕಾಲಿನ ಕೆಳಗೆ ತಗುಲುತ್ತದೆ. ಓಡುವ ಮನುಷ್ಯನ ಅಂಗಾಂಗಗಳಲ್ಲಿ ಅತಿ ಸಪೂರವಾದುದೂ ಅತಿ ಚಂಚಲವಾದುದೂ ಆದ ಆ ಭಾಗಕ್ಕೆ, ನಸುಕಿನ ಮಬ್ಬಿನಲ್ಲಿ, ಸಣ್ಣ ಪಿಸ್ತೂಲಿನಿಂದ, ಒಂದೇ ಏಟಿಗೆ! ಕಾಲೇ ಇಲ್ಲದ ತಮ್ಮನ್ನು ಹೊಡೆದು ಹೊಡೆದು ಈ ವಿದ್ಯೆ ಬಂದಿರಲಾರದು. ಹಾಗಾದರೆ ಕಲಿಸಿದ ಮಹಾಗುರು ಯಾರು? ಅವನನ್ನು ಪತ್ತೆಹಚ್ಚಿ ಒಲಿಂಪಿಕ್ಸ್ ತಂಡಕ್ಕೆ ಕಳಿಸದೆ ಹೊರವಲಯದಲ್ಲಿ ಏಕೆ ವ್ಯರ್ಥಗೊಳಿಸುತ್ತಿದ್ದಾರೆ? ಸರ್ವೋಚ್ಚ ನ್ಯಾಯಾಲಯವು 2014 ರಲ್ಲಿ ಎನ್‌ಕೌಂಟರುಗಳ ತನಿಖೆಗೆಂದು ಹದಿನಾರು ಸೂತ್ರಗಳನ್ನು ವಿಧಿಸಿ, ತೀವ್ರವಾಗಿ ಗಾಯಗೊಂಡ ಪ್ರಕರಣಗಳಿಗೂ ಅವು ಸಾಧ್ಯವಾದ ಮಟ್ಟಿಗೆ ಅನ್ವಯಿಸತಕ್ಕದ್ದೆಂದು ಹೇಳಿತು. ಹದಿನೇಳನೆಯದಾಗಿ, ಹೊಡೆದವನಿಗೆ ಕಲಿಸಿದವನಾರೆಂದು ವಿಚಾರಿಸುವುದನ್ನೂ ಸೇರಿಸಬಹುದಿತ್ತು.

ಆ ಮೊದಲನೆಯ ಗುಂಡಿನ ಬಗ್ಗೆಯೂ ಒಂದು ಮಾತು. ಗುಂಪನ್ನು ಚದುರಿಸುವ ಸಂಬಂಧದಲ್ಲಿ ನಮ್ಮ ದೇಶದ ಪೊಲೀಸ್ ನಿಯಮಗಳು ಗುರಿಯನ್ನು ಕೆಳಗೆ ಇಡತಕ್ಕದ್ದೆಂದೂ ಜನರ ತಲೆಯ ಮೇಲೆ ಹಾರಿಸಕೂಡದೆಂದೂ ವಿಧಿಸುತ್ತವೆ. ಏಕೆಂದರೆ ಮೇಲಕ್ಕೆ ಹೋದುದು ಅಲ್ಲಿಯೇ ಉಳಿಯುವುದಿಲ್ಲ. ನೀರಿನ ಕರದ ವಿರುದ್ಧ ಎದ್ದ ನರಗುಂದ ನವಲಗುಂದಗಳ ರೈತರ ಮೇಲೆ 1980 ರಲ್ಲಿ, ರಸಗೊಬ್ಬರ ಕೇಳಿ ಸಾಲುಗಟ್ಟಿದವರ ಮೇಲೆ 2008 ರಲ್ಲಿ ಹಾವೇರಿಯಲ್ಲಿ, ಗುಂಡು ಹಾರಿತು, ರೈತರು ಸತ್ತರು. ಈ ವಾಕ್ಯದಲ್ಲಿ ವಿನೋದಕ್ಕೆ ಎಡೆಯಿಲ್ಲವಾದುದರಿಂದ ಮುಂದೆ ಹೋಗುತ್ತೇನೆ.

ತಮ್ಮನ್ನು ‘ಪರೀಕ್ಷಕರು’ ಎಂದು ಸಂಬೋಧಿಸಿದುದಕ್ಕೆ ನಮ್ಮ ನಗರದ ಮಟ್ಟಿಗೆ ವಿಶೇಷ ಅರ್ಥವಿದೆ. 2021 ರ ಅಕ್ಟೋಬರ್ 3 ರಂದು 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಲಿಖಿತ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಖಾಲಿ ವೃತ್ತಗಳನ್ನು ಪರೀಕ್ಷೆ ಮುಗಿದ ಮೇಲೆ ಪರರು ತುಂಬಿದರೆಂಬ ಆಪಾದನೆ ಮರುವರ್ಷ ಕಲಬುರಗಿಯಿಂದಲೇ ಹೊಗೆಯಾಡಿ, ನೇಮಕಾತಿ ವಿಭಾಗದ ಮುಖ್ಯಸ್ಥರವರೆಗೂ ಬಂಧನಗಳಾಗಿ, ಕೊನೆಗೆ 2024 ರ ಜನವರಿ 23 ರಂದು ಮರುಪರೀಕ್ಷೆ ನಡೆಯಿತು. ಬ್ಲೂಟೂತ್ ಎಂಬ ಯಂತ್ರವು ಕಿವಿಯಲ್ಲಿ ಕುಳಿತು ಉತ್ತರ ಹೇಳಿಕೊಡುವುದೆಂದು ನಮ್ಮ ಕಡೆಯ ಅಕ್ಷರ ಬಾರದ ಮುದುಕಿಯರಿಗೂ ಆಗ ತಿಳಿಯಿತು. ಉತ್ತರಪತ್ರಿಕೆಯ ವೃತ್ತವನ್ನು ಆಮೇಲೆ ತುಂಬಬಹುದಾದರೆ ಎದೆಯ ವರ್ತುಲದೊಳಗಿನ ತೂತನ್ನು ಆಮೇಲೆ ಕೊರೆಯಲಾಗದೇ? ಬಾಲ್‌ಪೆನ್ನಿನ ಮೊನೆಯು ಕಾಗದದಲ್ಲಿ ಮಾಡುವ ರಂಧ್ರಕ್ಕೂ ಗುಂಡಿನ ರಂಧ್ರಕ್ಕೂ ದೂರದಿಂದ ಬಹಳ ಅಂತರ ಕಾಣದು. ಹಾಗೆ ನಡೆಯುತ್ತದೆಂದು ನಾನು ಹೇಳುವುದಿಲ್ಲ. ತಮಗೆ ಎಂದಾದರೂ ನೋವಿಲ್ಲದೆ ತೂತು ಬಿದ್ದುದುಂಟೇ ಎಂದು ಮಾತ್ರ ಕೇಳುತ್ತಿದ್ದೇನೆ.

ಬೋಧಕನ ಅರ್ಹತೆಯ ಬಗ್ಗೆ ನನ್ನದೇ ಒಂದು ಅಭಿಪ್ರಾಯವಿದೆ. ಅದು ನನಗೆ ಬಂದುದು ಗ್ರಂಥಗಳಿಂದಲ್ಲ, ನಮ್ಮಜ್ಜನ ಜೋಳದ ಹೊಲದಿಂದ. ಎರೆಭೂಮಿಯ ಬಿಳಿಜೋಳವು ಹಾಲುಗಾಳಾಗಿ, ಸೀತನಿ ತಿನ್ನುವ ದಿನಗಳು ಬಂದವೆಂದರೆ ಗಿಳಿಯ ಹಿಂಡುಗಳು ಇಳಿಯುತ್ತಿದ್ದುವು. ಅಟ್ಟದ ಮೇಲೆ ನಿಂತು ಕವಣೆ ಬೀಸಿ ಅವನ್ನು ಎಬ್ಬಿಸುವುದು ಹುಡುಗರ ಕೆಲಸ. ಅಜ್ಜ ನನಗೆ ಕವಣೆಯನ್ನು ಕೊಟ್ಟನು, ಕಲ್ಲನ್ನು ಕೊಡಲಿಲ್ಲ. “ಕಲ್ಲ ಬ್ಯಾಡೋ ಈಗ. ಮೊದಲ ಖಾಲಿ ಕವಣಿ ಬೀಸು” ಎಂದು ಎಂಟು ದಿನ ಬರಿಯ ಹಗ್ಗವನ್ನೇ ತಿರುಗಿಸಲು ಹಚ್ಚಿದನು. ಒಂಬತ್ತನೆಯ ದಿನ ಒಂದು ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದನು: “ಅತ್ಲಾಗ ಏನದ, ಹೇಳು.” ಗಿಳಿ ಎಂದೆನು. “ಗಿಳಿ ಹಿಂದ?” ಜೋಳ ಎಂದೆನು. “ಜೋಳದ ಹಿಂದ?” ನನಗೆ ಕಾಣಲಿಲ್ಲ. ಅಜ್ಜನು ಕಲ್ಲನ್ನು ಮತ್ತೆ ಧೋತರದ ಸೆರಗಿಗೆ ಕಟ್ಟಿಕೊಂಡು, ನನ್ನ ಗದ್ದ ಹಿಡಿದು ಎತ್ತಿ ತೋರಿಸಿದನು: ಆಚೆಯ ಬದುವಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದ ಕೂಲಿಯವರು, ಅವರ ಪಕ್ಕದಲ್ಲಿ ತೊಟ್ಟಿಲು ಕಟ್ಟಿದ ಬೇವಿನ ಮರ. ದ್ರೋಣಾಚಾರ್ಯರ ಪರೀಕ್ಷೆಯಲ್ಲಿ ಹಕ್ಕಿಯ ಕಣ್ಣೊಂದನ್ನು ಬಿಟ್ಟು ಬೇರೇನೂ ಕಾಣದವನು ತೇರ್ಗಡೆಯಾದನು. ನಮ್ಮಜ್ಜನ ಪರೀಕ್ಷೆಯಲ್ಲಿ ಆ ಗಾಂಡೀವಿಗೆ ಕಲ್ಲೇ ಸಿಕ್ಕುತ್ತಿರಲಿಲ್ಲ. ಹೆಬ್ಬೆಟ್ಟಿನ ಮನುಷ್ಯನಾದ ಅಜ್ಜನಲ್ಲಿದ್ದ ಪ್ರಮಾಣಪತ್ರ ಯಾವುದೆಂದರೆ, ಅವನು ಕವಣೆ ಕಲಿಸಿದ ಹುಡುಗರಿಂದ ಆ ಸೀಮೆಯಲ್ಲಿ ಒಂದು ಎತ್ತಿನ ಕಣ್ಣೂ ಹೋಗಿರಲಿಲ್ಲ.

ಈ ಅಜ್ಜನ ಮಾತನ್ನೇ ವಿಶ್ವಸಂಸ್ಥೆಯು 1990 ರಲ್ಲಿ ಹವಾನಾದಲ್ಲಿ ಸಭೆ ಸೇರಿಸಿ, ವಿಶೇಷ ತರಬೇತಿ ಮುಗಿಸಿದವರಿಗೆ ಮಾತ್ರ ಬಂದೂಕು ಧರಿಸುವ ಅನುಮತಿ ಇರತಕ್ಕದ್ದೆಂದು ಬರೆಯಿಸಿತು. ಬ್ರಿಟನ್ನಿನ ಬಹುಪಾಲು ಪೊಲೀಸರು ಇಂದಿಗೂ ಬಂದೂಕು ಕಟ್ಟುವುದಿಲ್ಲ. ಕಟ್ಟುವ ಕೆಲವರಿಗೆ ಕಲಿಸುವವನು ತಾನು ಬೇರೆಯೇ ಕೋರ್ಸು ಮುಗಿಸಿರಬೇಕು. 1857 ರ ದಂಗೆಯ ಬಳಿಕ ನಮ್ಮ ಪೊಲೀಸನ ಕೈಗೆ ಒಳ್ಳೆಯ ಬಂದೂಕು ಕೊಡಲು ಅಂಜಿ ದೂರ ಹೊಡೆಯದ ಮಸ್ಕೆಟನ್ನು ಹಿಡಿಸಿದವರೂ ಆ ಬ್ರಿಟಿಷರೇ. ಇತ್ತ ನಮ್ಮ ನಿಜಾಮ ಸೀಮೆಯಲ್ಲಿ ಹಿರಿಯರು ‘ಪೊಲೀಸ್ ಆ್ಯಕ್ಷನ್’ನಿಂದ ಹಿಂದೆ, ಮುಂದೆ ಎಂದು ವರ್ಷ ಎಣಿಸುತ್ತಿದ್ದರು, 1948 ರ ಸೆಪ್ಟೆಂಬರಿನ ಆ ಕಾರ್ಯಾಚರಣೆಯನ್ನು ನಡೆಸಿದುದು ಸೈನ್ಯ. ಪೊಲೀಸರ ಗುರಿಗಾರಿಕೆಯಲ್ಲಿ ನಮ್ಮ ನಿರೀಕ್ಷೆ ಮೊದಲಿನಿಂದಲೂ ಮಿತಿಮೀರಿದುದಕ್ಕೆ ಆ ಹೆಸರೂ ಒಂದು ಕಾರಣವಿರಬಹುದು.

ತಮ್ಮ ಬೆನ್ನ ಹಿಂದೆ ಮಣ್ಣಿನ ದಿಬ್ಬವಿದೆ. ತಪ್ಪಿದ ಗುಂಡನ್ನೆಲ್ಲ ಅದು ತಾಯಿಯಂತೆ ನುಂಗಿಕೊಳ್ಳುತ್ತದೆ. ಓಡುವ ಆರೋಪಿಯ ಹಿಂದೆ ಇರುವುದು, ಮೊದಲೇ ವಿನಂತಿಸಿಕೊಂಡ ‘ನಗರದ ಹೊರವಲಯ’. ಜೇವರ್ಗಿ ರಸ್ತೆಯ ನಾವು ಅದನ್ನು ಕೋಟನೂರ ಎಂದು ಕರೆಯುತ್ತೇವೆ. ಇಲ್ಲಿ ಮನೆಗಳಿವೆ, ದನಗಳಿವೆ, ಹಾಲು ಹಾಕಲು ನಸುಕಿನಲ್ಲೇ ಎದ್ದು ಹೋಗುವವರಿದ್ದಾರೆ. ಆದುದರಿಂದ ಬೋಧಕನ ನೇಮಕದ ದಿನ ಅವನಿಗೆ ಹತ್ತು ಗುಂಡುಗಳನ್ನು ಕೊಟ್ಟು ಹೊಡೆಯಿಸಿ ನೋಡುವುದಕ್ಕೆ ಬದಲಾಗಿ, ತಮ್ಮನ್ನು ಒಂದು ದಿನದ ಮಟ್ಟಿಗೆ ಆ ದಿಬ್ಬದಿಂದ ಕಿತ್ತು ತಂದು ನಮ್ಮ ಸಂತೆಯ ನಡುವೆ ನಿಲ್ಲಿಸಿ, “ಅತ್ಲಾಗ ಏನದ, ಹೇಳು” ಎಂದು ಕೇಳುವ ಏರ್ಪಾಡಾಗಬೇಕೆಂದು ಪ್ರಾರ್ಥನೆ. ಪ್ರಯಾಣ ಭತ್ಯೆಯ ಪ್ರಶ್ನೆ ಬಂದರೆ ಎತ್ತಿನ ಬಂಡಿಯ ಬಾಡಿಗೆಯನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ.

ಉತ್ತರವನ್ನು ಅಂಚೆಯಲ್ಲೇ ದಯಪಾಲಿಸಬೇಕು. ಬೇಸಗೆ ಕಾಲಿಟ್ಟಿದೆ, ನಮ್ಮ ಕಡೆ ಈ ದಿನಗಳಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗುವುದು ರೂಢಿ. ಗಾಳಿಯಲ್ಲಿ ಹಾರಿಸಿದ ಆ ಮೊದಲನೆಯ ಗುಂಡುಗಳು ಎಲ್ಲಿ ಇಳಿಯುತ್ತವೆಂದು ಯಾವ ಪತ್ರಿಕೆಯೂ ಬರೆಯದುದರಿಂದ, ನಾನು ಚಾಪೆಯನ್ನು ಸುತ್ತಿ ಕೆಳಗೆ ತಂದು ಒಳಕೋಣೆಯಲ್ಲಿ ಹಾಸಿಕೊಂಡಿದ್ದೇನೆ. ಫ್ಯಾನು ರಾತ್ರಿ ಎರಡರ ಹೊತ್ತಿಗೆ ನಿಲ್ಲುತ್ತದೆ.

ಇತಿ ತಮ್ಮ ವಿಶ್ವಾಸಿ,
ಹೊರವಲಯದ ನಿವಾಸಿ